ಬಣ್ಣದ ಚಿತ್ರ ಬಂದ ಮಾತ್ರಕ್ಕೆ ಲೆಕ್ಕ ಸರಿ ಅಂತಲ್ಲ ಸ್ವಾಮಿ!

"ಸಾಫ್ಟ್‌ವೇರೇ ಹೇಳಿದೆಯಲ್ಲ, ಇನ್ನೇನು ಬೇಕು?"

ಈ ಮಾತು ಕೇಳಿದಾಗಲೆಲ್ಲ ನನಗೆ ಮೈಯುರಿಯುತ್ತದೆ. ಓದಿದ್ದು ಮೆಕ್ಯಾನಿಕಲ್, ಹೊಟ್ಟೆಪಾಡಿಗೆ ಕೋಡ್ ಬರೆಯುವುದು. ಅದೂ ಸಿಮ್ಯುಲೇಶನ್ ಮಾಡುವವರಿಗೆ ಬೇಕಾದ ಕೋಡು. ಹಾಗಾಗಿ ಈ ಜಗಳ ನನಗೆ ದಿನನಿತ್ಯದ್ದು. ಒಂದು ಕಡೆಯಂತೂ (ಹೆಸರು ಬೇಡ ಬಿಡಿ) ರಿಪೋರ್ಟಿನಲ್ಲಿದ್ದ ಒಂದೇ ಒಂದು ಪುಟದ ಕೈಲೆಕ್ಕವನ್ನು "ಕಾಲೇಜ್ ಜರ್ನಲ್ ಥರ ಇದೆ" ಅಂತ ಕಿತ್ತು ಹಾಕಿಸಿ, ಆ ಜಾಗಕ್ಕೆ ಇನ್ನೆರಡು ಕೆಂಪು-ಹಸಿರು-ನೀಲಿ ಚಿತ್ರ ಅಂಟಿಸಿದರು!

ಕಿತ್ತು ಹಾಕಿದ್ದು ಏನನ್ನು ಗೊತ್ತಾ? ಸ್ಕೂಲಿನಲ್ಲಿ ಸ್ಟೀಲ್ ಸ್ಕೇಲನ್ನು ಬೆಂಚಿನ ಅಂಚಿಗೆ ಒತ್ತಿ ಹಿಡಿದು 'ಟರ್ರ್' ಅನ್ನಿಸುತ್ತಿದ್ದೆವಲ್ಲ, ಅದರದೇ ಲೆಕ್ಕ. ಒಂದು ತುದಿ ಬಿಗಿದ ತೊಲೆಯ ಮೊದಲ ನ್ಯಾಚುರಲ್ ಫ್ರೀಕ್ವೆನ್ಸಿ ಹೀಗೆ: 0.1615 × ದಪ್ಪ ÷ ಉದ್ದದ ವರ್ಗ × (ಯಂಗ್ಸ್ ಮಾಡ್ಯುಲಸ್ ÷ ಸಾಂದ್ರತೆ)ಯ ವರ್ಗಮೂಲ. ಉಕ್ಕಿಗೆ ಆ ವರ್ಗಮೂಲ ಸೆಕೆಂಡಿಗೆ ಸುಮಾರು 5170 ಮೀಟರ್. 1 ಮೀಟರ್ ಉದ್ದ, 10 ಮಿ.ಮೀ. ದಪ್ಪದ ಪಟ್ಟಿಗೆ 8.35 ಹರ್ಟ್ಸ್ ಬರುತ್ತದೆ. ಅಷ್ಟೇ! ಅಗಲ ಲೆಕ್ಕಕ್ಕೇ ಬರುವುದಿಲ್ಲ. ಉದ್ದ ಅರ್ಧ ಮಾಡಿದರೆ ನಾಲ್ಕು ಪಟ್ಟು. ಒಂದು ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ.

ಈಗ ಅದೇ ಪಟ್ಟಿಯನ್ನು ಕಂಪ್ಯೂಟರಿಗೆ ಕೊಡಿ. 0.264 ಹರ್ಟ್ಸ್ ಬಂತೋ? 8.35ನ್ನು ಅದರಿಂದ ಭಾಗಿಸಿ ನೋಡಿ, 31.6. ಅಂದರೆ 1000ದ ವರ್ಗಮೂಲ. ಕಳ್ಳ ಸಿಕ್ಕಿಬಿದ್ದ! ಮಿ.ಮೀ.-ನ್ಯೂಟನ್ ಲೆಕ್ಕದಲ್ಲಿ ಸಾಂದ್ರತೆಯನ್ನು ಟನ್ನಿನಲ್ಲಿ ಕೊಡುವ ಬದಲು ಕಿಲೋದಲ್ಲಿ ಕೊಟ್ಟಿದ್ದಾರೆ. ಸಾಫ್ಟ್‌ವೇರ್ ತುಟಿ ಪಿಟಕ್ಕೆನ್ನುವುದಿಲ್ಲ, ಅದಕ್ಕೆ ಯೂನಿಟ್ಟಿನ ಗೊಡವೆಯೇ ಇಲ್ಲ. ತಮಾಷೆ ಅಂದರೆ ಪಟ್ಟಿ ಬಾಗುವ ಚಿತ್ರ ಮಾತ್ರ ಸರಿಯಾದ ಮಾಡೆಲ್‌ನಷ್ಟೇ ಚಂದ. ಚಿತ್ರ ನೋಡಿ ಒಪ್ಪಿದವರಿಗೆ ಇದು ಜನ್ಮದಲ್ಲಿ ಗೊತ್ತಾಗುವುದಿಲ್ಲ.

ಉತ್ತರ 8.35ಕ್ಕಿಂತ ಸಿಕ್ಕಾಪಟ್ಟೆ ಜಾಸ್ತಿ ಬಂತೋ? ದಪ್ಪಕ್ಕೆ ಒಂದೇ ಒಂದು ಸಾದಾ 8 ಮೂಲೆಯ ಎಲಿಮೆಂಟ್ ಇಟ್ಟಿರಬಹುದು. ಅದಕ್ಕೆ ಸರಿಯಾಗಿ ಬಾಗಲು ಬರುವುದಿಲ್ಲ, ಸೊಂಟ ಹಿಡಿದವರ ಹಾಗೆ ಸೆಟೆದು ನಿಲ್ಲುತ್ತದೆ. ಇದಕ್ಕೆ ಶಿಯರ್ ಲಾಕಿಂಗ್ ಅಂತಾರೆ.

ಹಾಗಂತ ಪಟ್ಟಿ ಮಾಡಿಕೊಂಡು ಕಣ್ಣುಮುಚ್ಚಿ ಟಿಕ್ ಹಾಕುವುದೂ ನಡೆಯಲ್ಲ. ಪುಸ್ತಕದ ಪ್ರಕಾರ ಎರಡನೆಯದು 52.3. ಕಂಪ್ಯೂಟರಿನ ಎರಡನೇ ಸಾಲಿನಲ್ಲಿ 25 ಇರುತ್ತದೆ. ಗಾಬರಿ ಬೇಡ. ಪಟ್ಟಿಯ ಅಗಲ 30 ಮಿ.ಮೀ. ಇದ್ದರೆ ಅದು ಅಡ್ಡಡ್ಡ ಅಲ್ಲಾಡುವ ಮೊದಲ ಮೋಡ್. 52.3 ಅದರ ಕೆಳಗಿನ ಸಾಲಿನಲ್ಲಿ ಕೂತಿರುತ್ತದೆ.

ಇನ್ನು ಕೆಲವರ ವಾದ: "ಕಂಪನಿಯವರೇ ಟೆಸ್ಟ್ ಮಾಡಿ ಮಾರಿರುತ್ತಾರೆ, ನೀನ್ಯಾವನಯ್ಯಾ?" ಅಣ್ಣಾ, ಅವರು ಟೆಸ್ಟ್ ಮಾಡಿದ್ದು ಅವರ ಸಾಲ್ವರನ್ನು, ನಿನ್ನ ಮಾಡೆಲನ್ನಲ್ಲ! ಕಂಪೈಲರ್ ಸರಿಯಿದೆ ಅಂತ ನಾವು ಯೂನಿಟ್ ಟೆಸ್ಟ್ ಬಿಡುತ್ತೇವಾ? 1991ರ ಆಗಸ್ಟ್ 23ರಂದು ನಾರ್ವೆಯಲ್ಲಿ ಸ್ಲೈಪ್ನರ್ ಎ ಅನ್ನೋ ತೈಲ ವೇದಿಕೆಯ ಕಾಂಕ್ರೀಟ್ ಬುಡ ಮುಳುಗಿತು. ಬಳಸಿದ್ದು ಹೆಸರುವಾಸಿ ಸಾಫ್ಟ್‌ವೇರೇ. ಆದರೆ ಮೆಶ್ ಒರಟಾಗಿ, ಗೋಡೆಯ ಶಿಯರ್ ಒತ್ತಡ ಶೇ. 47ರಷ್ಟು ಕಡಿಮೆ ತೋರಿಸಿತ್ತು. ಆಮೇಲೆ ಹುಷಾರಾಗಿ ಲೆಕ್ಕ ಹಾಕಿದಾಗ 62 ಮೀಟರ್ ಆಳದಲ್ಲಿ ಒಡೆಯಬೇಕು ಅಂತ ಬಂತು. ನಿಜಕ್ಕೂ ಒಡೆದದ್ದು 65ರಲ್ಲಿ! ಪುಣ್ಯಕ್ಕೆ ಯಾರೂ ಸಾಯಲಿಲ್ಲ.

ಪುಸ್ತಕದ ಸೂತ್ರವೇ ವೇದವಾಕ್ಯ ಅಂತಲೂ ನಾನು ಹೇಳುತ್ತಿಲ್ಲ. ಮೋಟು ತೊಲೆಗೆ ಈ ಸೂತ್ರ ಜಾಸ್ತಿ ಹೇಳುತ್ತದೆ, ಅಲ್ಲಿ ತಿಮೊಶೆಂಕೊ 1921ರಲ್ಲಿ ಕೊಟ್ಟ ತಿದ್ದುಪಡಿ ಬೇಕು. ನಿಜವಾದ ಪಟ್ಟಿಯನ್ನು ಬೆಂಚ್ ವೈಸಿಗೆ ಕಚ್ಚಿಸಿ ಮೀಟಿದರೆ ಇನ್ನೂ ಕಡಿಮೆ ಬರಬಹುದು, ಯಾಕಂದ್ರೆ ಪುಸ್ತಕದಷ್ಟು ಬಿಗಿಯಾಗಿ ಹಿಡಿಯುವ ವೈಸ್ ಯಾವ ವರ್ಕ್‌ಶಾಪಿನಲ್ಲೂ ಇಲ್ಲ. ಆ ವ್ಯತ್ಯಾಸ ಎಲ್ಲಿಂದ ಬಂತು ಅಂತ ಬರೆಯೋದಕ್ಕೇ ಸ್ವಾಮಿ, ರಿಪೋರ್ಟಿನಲ್ಲಿ ಆ ಒಂದು ಪುಟ ಇದ್ದದ್ದು.