ಮಳೆಗಾಲದಲ್ಲಿ ಆ ಗಾಡಿ ಏನು ಮಾಡ್ತದೆ?

ಒಂದು ಭಾನುವಾರ ಬೆಳಿಗ್ಗೆ ನನ್ನ ಬಾಮೈದ ಮನೆಗೆ ಬಂದ. ಕೈಯಲ್ಲಿ ಬಣ್ಣದ ಪುಸ್ತಿಕೆ, ಫೋನಿನಲ್ಲಿ ಏಳೆಂಟು ವಿಡಿಯೊ. ಕೂರುವ ಮೊದಲೇ ಶುರು ಮಾಡಿದ: "ಭಾವ, ಇದನ್ನ ನೋಡಿ. ನಮ್ಮ ತಾಲ್ಲೂಕಲ್ಲಿ ಯಾರ ಹತ್ರಾನೂ ಇಲ್ಲ."

ನೋಡಿದೆ. ರಬ್ಬರ್ ಚೈನಿನ ಮೇಲೆ ಓಡುವ ಗಿಡ್ಡ ಲೋಡರ್. ಮುಂದೆ ಬಕೆಟ್, ಎರಡೂ ಬದಿಗೆ ತೋಳು, ನಡುವೆ ಒಬ್ಬ ಕೂರುವಷ್ಟು ಕ್ಯಾಬಿನ್. ಮೊಣಕಾಲುದ್ದ ಕೆಸರಿನಲ್ಲಿ ಹೂತುಕೊಳ್ಳದೆ ಹೋಗುತ್ತದೆ, ನಿಂತಲ್ಲೇ ತಿರುಗುತ್ತದೆ. ಕಂಪನಿಯವರು ಇದನ್ನು ಕಾಂಪ್ಯಾಕ್ಟ್ ಟ್ರ್ಯಾಕ್ ಲೋಡರ್ ಅನ್ನುತ್ತಾರೆ. ನಾವು ಚೈನ್ ಲೋಡರ್ ಅನ್ನೋಣ.

ಬಾಮೈದನಿಗೆ ಒಂದೂವರೆ ಎಕರೆ ಅಡಿಕೆ ತೋಟವಿದೆ. ಅದರ ಪಹಣಿ ಇನ್ನೂ ಅತ್ತೆಯ ಹೆಸರಿನಲ್ಲಿದೆ. ತೋಟ ಅಡವಿಟ್ಟು ಸಾಲ ತೆಗೆಯಬೇಕು, ಅದಕ್ಕೆ ಅತ್ತೆ ಸಹಿ ಹಾಕಬೇಕು, ಅತ್ತೆಯನ್ನು ನಾನು ಒಪ್ಪಿಸಬೇಕು. ಅವನು ಬಂದ ಕಾರಣ ಅದು.

ಅತ್ತೆಗೆ ವಿಡಿಯೊ ತೋರಿಸಿದೆವು. ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು. ಕೊನೆಗೆ ಒಂದೇ ಮಾತು ಕೇಳಿದರು: "ಮಳೆಗಾಲದಲ್ಲಿ ಆ ಗಾಡಿ ಏನು ಮಾಡ್ತದೆ?"

ಬಾಮೈದ ನಕ್ಕ. "ಅಮ್ಮ, ಮಳೇಲಿ ಓಡೋಕೇ ಇರೋದು ಅದು." ಅವನ ಉತ್ತರ ಸುಳ್ಳಲ್ಲ. ಆದರೆ ಅತ್ತೆ ಕೇಳಿದ್ದು ಅದನ್ನಲ್ಲ. ಗಾಡಿ ಓಡುತ್ತದೋ ಇಲ್ಲವೋ ಅನ್ನುವುದು ಒಂದು ಪ್ರಶ್ನೆ. ಓಡಿಸಲು ಯಾರಾದರೂ ಕರೆಯುತ್ತಾರೋ ಇಲ್ಲವೋ ಅನ್ನುವುದು ಇನ್ನೊಂದು. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣಿನ ಕೆಲಸ ಮಾಡಿಸುವವರು ಕಡಿಮೆ. ಕಂತು ಮಾತ್ರ ತಿಂಗಳು ತಿಂಗಳು ಬರುತ್ತದೆ.

ಆಮೇಲೆ ನಾವಿಬ್ಬರೂ ನೋಟ್‌ಬುಕ್ ಹಿಡಿದು ಕೂತೆವು. ಶೋರೂಮಿಗೆ ಹೋದೆವು, ಮೆಕ್ಯಾನಿಕ್‌ಗಳನ್ನು ಕೇಳಿದೆವು. ನಮ್ಮ ಹಾಗೇ ಯೋಚಿಸುತ್ತಿರುವವರು ಪ್ರತಿ ಊರಲ್ಲೂ ಒಬ್ಬರಿರುತ್ತಾರೆ. ಅದಕ್ಕೆ ಲೆಕ್ಕವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೂರು ಗಾಡಿ, ಮೂರು ಕೆಲಸ

ನಮ್ಮ ಕಡೆ ಮಣ್ಣು ಅಗೆಯುವ ಹಳದಿ ಗಾಡಿ ಯಾವುದಾದರೂ ಅದು ಜೆಸಿಬಿ. ಚೈನ್ ಇದ್ದು ಉದ್ದ ತೋಳಿದ್ದರೆ ಹಿಟಾಚಿ. ಕಂಪನಿಯ ಹೆಸರೇ ಗಾಡಿಯ ಹೆಸರಾಗಿದೆ. ಮಾತಿಗೆ ಪರವಾಗಿಲ್ಲ, ಕೊಳ್ಳುವಾಗ ಇದು ಮೋಸ ಮಾಡುತ್ತದೆ. ಒಂದು ಗಾಡಿಯ ಕೆಲಸವನ್ನು ಇನ್ನೊಂದು ಮಾಡುತ್ತದೆ ಅಂತ ನಂಬಿಬಿಡುತ್ತೇವೆ.

ಜೆಸಿಬಿಗೆ ಹಿಂದೆ ಅಗೆಯುವ ತೋಳು, ಮುಂದೆ ತುಂಬುವ ಬಕೆಟ್. ಟೈರ್ ಇರುವುದರಿಂದ ಒಂದೂರಿಂದ ಇನ್ನೊಂದೂರಿಗೆ ತಾನೇ ರಸ್ತೆಯಲ್ಲಿ ಹೋಗುತ್ತದೆ. ತೂಕ ಏಳೂವರೆ ಟನ್ ಆಸುಪಾಸು. ಒದ್ದೆ ಗದ್ದೆಗೆ ಇಳಿದರೆ ಎತ್ತಲು ಇನ್ನೊಂದು ಗಾಡಿ ಬೇಕು.

ಸಣ್ಣ ಹಿಟಾಚಿ ಅಗೆಯುತ್ತದೆ, ಸುತ್ತ ತಿರುಗಿ ಪಕ್ಕಕ್ಕೆ ಹಾಕುತ್ತದೆ. ತೋಟದ ಬಸಿಗಾಲುವೆ ತೆಗೆಯಲು, ಅಗಳ ಹೊಡೆಯಲು ಅದಕ್ಕೆ ಸಾಟಿ ಇಲ್ಲ. ಆದರೆ ಮಣ್ಣನ್ನು ಹೊತ್ತು ನೂರು ಮೀಟರ್ ಸಾಗಿಸುವುದು ಅದರ ಕೆಲಸವಲ್ಲ.

ಚೈನ್ ಲೋಡರ್ ಇವೆರಡಕ್ಕೂ ಉಲ್ಟಾ. ಇದು ಅಗೆಯುವ ಗಾಡಿ ಅಲ್ಲ, ಹೊರುವ ಗಾಡಿ. ರಾಶಿ ಹಾಕಿದ ಮಣ್ಣು, ಗೊಬ್ಬರ, ಜಲ್ಲಿ ಎತ್ತಿ ಇಕ್ಕಟ್ಟಿನ ಜಾಗಕ್ಕೆ ಒಯ್ಯುತ್ತದೆ, ನೆಲ ಸಮ ಮಾಡುತ್ತದೆ. ಬಕೆಟ್ ಬಿಚ್ಚಿ ಬೇರೆ ಸಾಮಾನು ಸಿಕ್ಕಿಸಿದರೆ ಕಂಬದ ಗುಂಡಿ ತೋಡುತ್ತದೆ, ಕಲ್ಲು ಒಡೆಯುತ್ತದೆ, ಪೊದೆ ಸವರುತ್ತದೆ. ಅಡಿಪಾಯಕ್ಕೆ ಆರಡಿ ಆಳ ತೆಗಿ ಅಂದರೆ ಮಾತ್ರ ಕೈಯೆತ್ತುತ್ತದೆ. ರಸ್ತೆಯಲ್ಲಿ ಓಡಿಸುವಂತೆಯೂ ಇಲ್ಲ. ಡಾಂಬರು ಮತ್ತು ಕಾಂಕ್ರೀಟು ರಬ್ಬರನ್ನು ತಿಂದು ಹಾಕುತ್ತವೆ. ಹತ್ತು ಕಿಲೋಮೀಟರ್ ಆಚೆ ಕೆಲಸವಿದ್ದರೂ ಲಾರಿ ಮೇಲೆ ಹೇರಬೇಕು.

ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದದ್ದು, ನಮ್ಮ ಸುತ್ತ ಇಪ್ಪತ್ತು ಕಿಲೋಮೀಟರ್‌ನಲ್ಲಿ ಅಗೆಯುವ ಕೆಲಸ ಜಾಸ್ತಿಯೋ, ಹೊರುವ ಕೆಲಸ ಜಾಸ್ತಿಯೋ? ಬಾಮೈದ ಹೋದ ವರ್ಷ ತಾನು ಕಂಡ ಕೆಲಸಗಳನ್ನು ಪಟ್ಟಿ ಮಾಡಿದ. ಮನೆ ಪಾಯ, ಬಾವಿ ಪಕ್ಕದ ಗುಂಡಿ, ಕಾಲುವೆ, ಕೆರೆ ಹೂಳು. ಮುಕ್ಕಾಲು ಪಾಲು ಅಗೆತವೇ.

ಕೆಸರಿನಲ್ಲಿ ಹೂಳದಿರುವ ಗುಟ್ಟು

ಹಾಗಂತ ಚೈನಿನ ಗುಣವನ್ನು ತೆಗೆದುಹಾಕುವಂತಿಲ್ಲ. ಒಂದು ಲೆಕ್ಕ ಹಾಕೋಣ. ಗಾಡಿ 4.5 ಟನ್. ಒಂದೊಂದು ಚೈನ್ 40 ಸೆಂಟಿಮೀಟರ್ ಅಗಲ, ನೆಲಕ್ಕೆ ತಾಗುವ ಉದ್ದ 140 ಸೆಂಟಿಮೀಟರ್. ಎರಡೂ ಸೇರಿ 11,200 ಚದರ ಸೆಂಟಿಮೀಟರ್. ಒಂದು ಚದರ ಸೆಂಟಿಮೀಟರ್‌ಗೆ ಬೀಳುವ ಭಾರ ಸುಮಾರು 400 ಗ್ರಾಂ.

ಈಗ 65 ಕಿಲೋ ತೂಕದ ಆಳು 25 ಕಿಲೋ ಬುಟ್ಟಿ ಹೊತ್ತು ನಡೆಯುತ್ತಾನೆ ಅನ್ನಿ. ಒಂದು ಪಾದ ಊರಿದಾಗ ಸುಮಾರು 200 ಚದರ ಸೆಂಟಿಮೀಟರ್ ಮೇಲೆ 90 ಕಿಲೋ. ಅಂದರೆ 450 ಗ್ರಾಂ. ಖಾಲಿ ಚೈನ್ ಗಾಡಿ ನೆಲವನ್ನು ಒತ್ತುವುದು ಹೊರೆ ಹೊತ್ತ ಆಳಿನ ಪಾದದಷ್ಟೇ. ವಿಡಿಯೊದಲ್ಲಿ ಕಾಣುವುದು ಜಾದೂ ಅಲ್ಲ, ಭಾಗಾಕಾರ.

ಆದರೆ ಎರಡು ಎಚ್ಚರಿಕೆ. ಬಕೆಟ್ ತುಂಬಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಲೆಕ್ಕ ಬದಲಾಗುತ್ತದೆ. ಇನ್ನೊಂದು, ಮೇಲೆ ಹಗುರವಾಗಿ ಒತ್ತಿದರೂ ಒಟ್ಟು ತೂಕ ತೂಕವೇ. ಒದ್ದೆ ಮಣ್ಣಿನ ಮೇಲೆ ಒಂದೇ ದಾರಿಯಲ್ಲಿ ಐವತ್ತು ಸಲ ಓಡಾಡಿದರೆ ಕೆಳಗಿನ ಮಣ್ಣು ಗಟ್ಟಿಯಾಗುತ್ತದೆ. ನಿಂತಲ್ಲೇ ತಿರುಗಿಸಿದರೆ ಮೇಲುಮಣ್ಣು ಸಿಪ್ಪೆ ಸುಲಿದ ಹಾಗೆ ಎದ್ದು ಬರುತ್ತದೆ. ಅಡಿಕೆ ಬೇರು ಹೆಚ್ಚಾಗಿ ಇರುವುದು ಆ ಮೇಲಿನ ಮಣ್ಣಿನಲ್ಲೇ.

ತೋಟದ ಅಳತೆಯನ್ನೂ ನೋಡಿ. ಒಂಬತ್ತು ಅಡಿ ಅಂತರದ ಹೊಸ ತೋಟದಲ್ಲಿ ಆರಡಿ ಅಗಲದ ಗಾಡಿ ಹೋದರೆ ಪ್ರತಿ ಬದಿಗೆ ಉಳಿಯುವುದು ಒಂದೂವರೆ ಅಡಿ. ಹಳೆಯ ತೋಟಗಳಲ್ಲಿ ಸಾಲು ನೆಟ್ಟಗಿರುವುದಿಲ್ಲ, ನಡುವೆ ಬಾಳೆ, ಏಲಕ್ಕಿ, ಎರಡು ಸಾಲಿಗೊಂದು ಕಾಲುವೆ. ಶೋರೂಮಿನ ಅಂಗಳದಲ್ಲಿ ಡೆಮೊ ನೋಡಿ ಒಪ್ಪಬೇಡಿ. ನಮ್ಮ ತೋಟಕ್ಕೆ ತಂದು ತೋರಿಸಿ ಅನ್ನಿ.

ಶೋರೂಮಿನಲ್ಲಿ ಕೇಳಬೇಕಾದದ್ದು

ಮಾರುವವರು ಮೊದಲು ಹೇಳುವುದು ಹಾರ್ಸ್ ಪವರ್. ನೀವು ಮೊದಲು ಕೇಳಬೇಕಾದದ್ದು, ಎಷ್ಟು ಭಾರ ಎತ್ತುತ್ತದೆ, ಅದು ಯಾವ ಲೆಕ್ಕದಲ್ಲಿ ಅಂತ. ಗಾಡಿ ಮುಂದಕ್ಕೆ ಮುಗ್ಗರಿಸಲು ಬೇಕಾದ ಭಾರಕ್ಕೆ ಟಿಪ್ಪಿಂಗ್ ಲೋಡ್ ಅನ್ನುತ್ತಾರೆ. ಚೈನ್ ಲೋಡರ್‌ಗೆ ಅದರ 35 ಶೇಕಡವನ್ನು ಕೆಲಸದ ಭಾರ ಅಂತ ಇಡುವುದು ವಾಡಿಕೆ, ಟೈರಿನ ಸಣ್ಣ ಲೋಡರ್‌ಗೆ 50 ಶೇಕಡ. 2,600 ಕಿಲೋಗೆ ಮುಗ್ಗರಿಸುವ ಚೈನ್ ಗಾಡಿಯ ಕೆಲಸದ ಭಾರ 910 ಕಿಲೋ. ಪುಸ್ತಿಕೆಯಲ್ಲಿ ದೊಡ್ಡಕ್ಷರದಲ್ಲಿರುವುದು ಇವುಗಳಲ್ಲಿ ಯಾವುದು ಅಂತ ಬೆರಳಿಟ್ಟು ಕೇಳಿ. ಒದ್ದೆ ಮಣ್ಣು ಒಂದು ಘನ ಮೀಟರ್‌ಗೆ ಒಂದೂಮುಕ್ಕಾಲು ಟನ್‌ವರೆಗೂ ತೂಗುತ್ತದೆ. ದೊಡ್ಡ ಬಕೆಟ್ ಇದ್ದ ಮಾತ್ರಕ್ಕೆ ಲಾಭವಿಲ್ಲ.

ಎರಡನೆಯದು ಹೈಡ್ರಾಲಿಕ್ ಎಣ್ಣೆಯ ಹರಿವು. ಗುಂಡಿ ತೋಡುವ ಸಾಮಾನಿಗೆ ಸಾಮಾನ್ಯ ಹರಿವು ಸಾಕು. ಪೊದೆ ಪುಡಿ ಮಾಡುವ ಸಾಮಾನಿಗೆ ಸಾಮಾನ್ಯವಾಗಿ ಹೆಚ್ಚಿನ ಹರಿವಿನ ಮಾಡೆಲ್ ಬೇಕಾಗುತ್ತದೆ. ಗಾಡಿ ಕೊಂಡ ಮೇಲೆ ಇದು ಗೊತ್ತಾದರೆ ಏನೂ ಮಾಡುವಂತಿಲ್ಲ.

ಮೂರನೆಯದು ಚೈನ್. ಒಂದು ಜೊತೆ ಎಷ್ಟು ಗಂಟೆ ಬರುತ್ತದೆ ಅನ್ನುವುದು ನೆಲ ಮತ್ತು ಓಡಿಸುವವನ ಕೈಯಲ್ಲಿದೆ. ನಮ್ಮ ಜಂಬಿಟ್ಟಿಗೆ ಕಲ್ಲಿನ ನೆಲ, ಮೇಲಿಂದ ಗಿರಗಿರ ತಿರುಗಿಸುವ ಹುಡುಗ ಸೇರಿದರೆ ಬೇಗ ಮುಗಿಯಿತು ಅನ್ನಿ. ಚೈನ್ ಬಿಗಿ ಸರಿ ಇರಬೇಕು, ಸಂಜೆ ಕೆಸರು ತೊಳೆಯಬೇಕು, ಚಿಕ್ಕ ಚಿಕ್ಕದಾಗಿ ಮುಂದೆ ಹಿಂದೆ ಮಾಡಿ ತಿರುಗಿಸಬೇಕು. ಹೊಸ ಜೊತೆಯ ಬೆಲೆ ಬರಹದಲ್ಲಿ ಪಡೆಯಿರಿ. ಸಾಮಾನು ಎಲ್ಲಿಂದ ಬರುತ್ತದೆ, ಎಷ್ಟು ದಿನಕ್ಕೆ ಬರುತ್ತದೆ ಅಂತ ಕೇಳಿ. ಜನವರಿಯಲ್ಲಿ ಹತ್ತು ದಿನ ಗಾಡಿ ನಿಂತರೆ ವರ್ಷದ ಲಾಭ ಹೋದಂತೆ.

ಕೊನೆಯದು ಜೀವದ ಮಾತು. ಇಳಿಜಾರಿನಲ್ಲಿ ಭಾರದ ಕಡೆ ಯಾವಾಗಲೂ ಮೇಲ್ಮುಖವಾಗಿರಬೇಕು. ಬಕೆಟ್ ತುಂಬಿದ್ದರೆ ಮುಂದೆ ಮಾಡಿ ಹತ್ತಿಸಿ, ಖಾಲಿ ಇದ್ದರೆ ಹಿಂದೆ ಮಾಡಿ ಹತ್ತಿಸಿ, ಏಕೆಂದರೆ ಆಗ ಭಾರವಿರುವುದು ಹಿಂದಿನ ಎಂಜಿನ್ ಕಡೆ. ಎತ್ತಿದ ತೋಳಿಗೆ ಲಾಕ್ ಹಾಕದೆ ಅದರ ಕೆಳಗೆ ಯಾರೂ ತಲೆ ಹಾಕಬಾರದು. ನಮ್ಮ ಧರೆಗಳ ಊರಿನಲ್ಲಿ ಇದನ್ನು ಕಲಿಯದವನ ಕೈಗೆ ಕೀಲಿ ಕೊಡಬೇಡಿ.

ಗಂಟೆಯ ಲೆಕ್ಕ

ಈಗ ದುಡ್ಡು. ಇವು ನಾವು ಊಹಿಸಿ ಹಾಕಿದ ಅಂಕಿ, ನಿಮ್ಮ ಅಂಕಿ ನೀವು ಹಾಕಿಕೊಳ್ಳಿ. ಸಾಲ 30 ಲಕ್ಷ, ಬಡ್ಡಿ ಶೇಕಡ 11, ನಾಲ್ಕು ವರ್ಷ. ಕಂತು ತಿಂಗಳಿಗೆ ಸುಮಾರು 77,500. ವರ್ಷಕ್ಕೆ 9.3 ಲಕ್ಷ.

ಮಳೆಗಾಲ ಬಿಟ್ಟು ಎಂಟು ತಿಂಗಳು, ತಿಂಗಳಿಗೆ 100 ಗಂಟೆ ಕೆಲಸ ಸಿಕ್ಕಿತು ಅನ್ನಿ. 800 ಗಂಟೆ. ಕಂತು ಒಂದಕ್ಕೇ ಗಂಟೆಗೆ 1,160 ರೂಪಾಯಿ. ಡೀಸೆಲ್ ಏಳು ಲೀಟರ್ ಹಿಡಿದರೆ 630. ಆಪರೇಟರ್‌ಗೆ ತಿಂಗಳಿಗೆ 25,000 ಕೊಟ್ಟರೆ ಗಂಟೆಗೆ 375. ಮೂರು ಲಕ್ಷದ ಚೈನ್ 1,500 ಗಂಟೆ ಬಂದರೆ 200. ಸರ್ವಿಸ್, ಗ್ರೀಸ್, ವಿಮೆ 150. ಒಟ್ಟು 2,500 ರೂಪಾಯಿ ದಾಟಿತು.

ನಮ್ಮ ಕಡೆ ಜೆಸಿಬಿ ಗಂಟೆ ಬಾಡಿಗೆ 1,200ರ ಆಸುಪಾಸು. 2,500 ಕೊಡಿ ಅಂದರೆ ಯಾರು ಕೊಡುತ್ತಾರೆ?

"ಇನ್ನೂ ಜಾಸ್ತಿ ಓಡಿಸ್ತೀನಿ ಭಾವ" ಅಂದ. ಸರಿ, 1,500 ಗಂಟೆ ಹಾಕಿದೆವು. ಆಗಲೂ ಗಂಟೆಗೆ 1,800. "ನಾಲ್ಕು ವರ್ಷ ಆದಮೇಲೆ ಗಾಡಿ ನನ್ನದೇ ಅಲ್ವಾ?" ಅಂದ. ಹೌದು. ಆದರೆ ಹಳೆಯ ಜೆಸಿಬಿಯನ್ನು ಯಾವ ಊರಿನಲ್ಲೂ ಮಾರಬಹುದು. ತಾಲ್ಲೂಕಲ್ಲಿ ಯಾರ ಹತ್ತಿರವೂ ಇಲ್ಲದ ಗಾಡಿಯನ್ನು ಕೊಳ್ಳುವವರು ಯಾರು? ಬಂದ ದಿನ ಹೆಮ್ಮೆಯಿಂದ ಹೇಳಿದ ಮಾತೇ ಮಾರುವ ದಿನ ಎದುರು ನಿಲ್ಲುತ್ತದೆ.

ಈ ಗಾಡಿ ಗೆಲ್ಲುವುದು ಒಂದೇ ದಾರಿಯಲ್ಲಿ. ಜೆಸಿಬಿ ಜೊತೆ ಗಂಟೆ ಬಾಡಿಗೆಗೆ ಪೈಪೋಟಿ ಮಾಡಬಾರದು, ತಲೆಹೊರೆಯ ಜೊತೆ ಮಾಡಬೇಕು. ತೋಟಕ್ಕೆ ಹೊಸ ಮಣ್ಣು ಹಾಕಿಸುವುದನ್ನೇ ತೆಗೆದುಕೊಳ್ಳಿ. ಬುಟ್ಟಿಗೆ 25 ಕಿಲೋ ಲೆಕ್ಕದಲ್ಲಿ 28 ಬುಟ್ಟಿ ಹೊರುವುದನ್ನು ಈ ಗಾಡಿ 700 ಕಿಲೋದ ಒಂದೇ ಬಕೆಟ್‌ನಲ್ಲಿ ಒಯ್ಯುತ್ತದೆ. ಆಳು ಸಿಗದೆ ಎಷ್ಟೋ ತೋಟಗಳಿಗೆ ವರ್ಷಗಳಿಂದ ಮಣ್ಣು ಬಿದ್ದಿಲ್ಲ. ಕೋಳಿ ಫಾರಂ ಗೊಬ್ಬರ, ನರ್ಸರಿ, ಬೇಲಿ ಕಂಬದ ಗುಂಡಿ ಕೂಡ ಇಂಥವೇ. ಗಂಟೆಗಲ್ಲ, ಲೋಡಿಗಿಷ್ಟು, ಗುಂಡಿಗಿಷ್ಟು ಅಂತ ಮಾತಾಡಿದರೆ ಲೆಕ್ಕ ಬೇರೆಯಾಗುತ್ತದೆ. ಆದರೆ ಅಂಥ ತೋಟಗಳು ನಿಮ್ಮ ಸುತ್ತ ಎಷ್ಟಿವೆ? ಸಾಲಕ್ಕೆ ಮೊದಲು ಅವರ ಹೆಸರು ಬರೆದುಕೊಂಡು ಬನ್ನಿ.

ನನ್ನ ಅಭಿಪ್ರಾಯ

ಹೊಸ ಗಾಡಿ ಬೇಡ ಅನ್ನುವವನು ನಾನಲ್ಲ. ಬೆನ್ನು ಮುರಿಯುವ ಕೆಲಸವನ್ನು ಯಂತ್ರ ಮಾಡಲಿ. ಆದರೆ ಊರಿಗೇ ಹೊಸದಾದ ಗಾಡಿಯ ಪ್ರಯೋಗ ಒಂದು ಮನೆಯ ಪಹಣಿಯ ಮೇಲೆ ನಡೆಯಬಾರದು. ಸೋತರೆ ಹೋಗುವುದು ಗಾಡಿ ಮಾತ್ರವಲ್ಲ, ತೋಟವೂ ಹೋಗುತ್ತದೆ. 2014–15ರಲ್ಲಿ ಶುರುವಾದ ಕೃಷಿ ಯಂತ್ರಧಾರೆ ಕೇಂದ್ರಗಳು ಇರುವುದೇ ಬಾಡಿಗೆಗೆ ಯಂತ್ರ ಕೊಡಲು. ಅಡಿಕೆ ಬೆಳೆಗಾರರ ಸಹಕಾರ ಸಂಘಗಳೂ ಇವೆ. ಚೈನ್ ಲೋಡರ್ ಮೊದಲು ಅಂಥ ಕಡೆ ಬರಲಿ. ನಾಲ್ಕು ಊರಿನ ತೋಟದಲ್ಲಿ ಒಂದು ಬೇಸಗೆ, ಒಂದು ಮಳೆಗಾಲ ಓಡಲಿ. ಮೀಟರಿನಲ್ಲಿ ಎಷ್ಟು ಗಂಟೆ ಬಿತ್ತು ನೋಡೋಣ. ಸಂಘದ ಮುಂದಿನ ಸಭೆಯಲ್ಲಿ ಯಾರಾದರೂ ಎದ್ದು ನಿಂತು ಇದನ್ನು ಕೇಳಬೇಕು.

ಬಾಮೈದ ನನ್ನ ಮೇಲೆ ಸಿಟ್ಟಾದ. ಎರಡು ವಾರ ಫೋನ್ ಇಲ್ಲ. ಮೊನ್ನೆ ಮಾಡಿದ. ದೂರದ ಜಿಲ್ಲೆಯಿಂದ ಟೈರಿನ ಸಣ್ಣ ಲೋಡರ್ ಒಂದನ್ನು ಮೂರು ದಿನಕ್ಕೆ ಬಾಡಿಗೆಗೆ ತರಿಸುತ್ತಾನಂತೆ. ಚೈನಿನದು ಸಿಗಲಿಲ್ಲ. ತೋಟಕ್ಕೆ ಮಣ್ಣು ಹಾಕಿಸಿ ನೋಡುತ್ತಾನಂತೆ, ಪಕ್ಕದ ಮೂರು ಮನೆಯವರೂ ಖರ್ಚು ಹಂಚಿಕೊಳ್ಳುತ್ತಾರಂತೆ.

ಅತ್ತೆ ಏನಂದರು ಅಂತ ಕೇಳಿದೆ.

"ಮೂರು ದಿನಕ್ಕಾದ್ರೆ ಸಹಿ ಬೇಡವಲ್ಲ, ತರಿಸು ಅಂದ್ರು."