ಮಗುವಿನ ಹೆಸರಿನಲ್ಲಿ ಮಾಡುವ ಸಾಲ

2025ರ ಸೆಪ್ಟೆಂಬರ್ 22ರಿಂದ ಮಕ್ಕಳ ಡಯಾಪರ್ ಮತ್ತು ಹಾಲಿನ ಬಾಟಲಿಗಳ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿಯಿತು. ಇದು ಹಬ್ಬದ ಕೊಡುಗೆ ಎಂಬ ಪ್ರಚಾರವೂ ಸಾಕಷ್ಟು ನಡೆಯಿತು. ನಾವು ಒಂದು ಸಣ್ಣ ಲೆಕ್ಕ ಹಾಕಿ ನೋಡಿದೆವು. ದಿನಕ್ಕೆ ಐದು ಡಯಾಪರ್, ಒಂದಕ್ಕೆ ಹತ್ತು ರೂಪಾಯಿ ಎಂದು ಹಿಡಿದರೆ ತಿಂಗಳಿಗೆ 1,500 ರೂಪಾಯಿ. ಇಳಿದ ತೆರಿಗೆ ಪೂರ್ತಿಯಾಗಿ ಗಿರಾಕಿಯ ಕೈಗೆ ಬಂದರೂ ಉಳಿಯುವುದು ನೂರು ರೂಪಾಯಿಗಿಂತ ಕಡಿಮೆ. ಬೇಡವೆನ್ನುವುದಿಲ್ಲ. ಆದರೆ ಕರಾವಳಿಯ ಒಂದು ಸಾಧಾರಣ ಕುಟುಂಬ ಹೊಸ ಮಗುವನ್ನು ಬರಮಾಡಿಕೊಳ್ಳುವಾಗ ಎಲ್ಲಿ ಮುಗ್ಗರಿಸುತ್ತದೆ ಎಂಬುದು ಈ ಲೆಕ್ಕದಲ್ಲಿ ಸಿಗುವುದಿಲ್ಲ.

ಎಲ್ಲಿ ಸಿಗುತ್ತದೆ ಎಂಬುದನ್ನು ಒಂದು ದಂಪತಿ ನಮಗೆ ತೋರಿಸಿಕೊಟ್ಟರು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಬರೆಯುತ್ತಿದ್ದೇವೆ. ಗಂಡ ಪ್ರೆಸ್ಸೊಂದರಲ್ಲಿ ಕೆಲಸಗಾರ, ಸಂಬಳ 16,000. ಹೆಂಡತಿ ಪೇಟೆಯ ಬಟ್ಟೆ ಅಂಗಡಿಯಲ್ಲಿ ಸೇಲ್ಸ್ ಗರ್ಲ್, 11,000. ಮನೆ ಬಾಡಿಗೆ 6,000. ಮೊದಲ ಮಗು, ಆಕೆಗೆ ಆಗ ಐದು ತಿಂಗಳು. ಸಹಕಾರಿ ಸೊಸೈಟಿಯಿಂದ ಒಂದೂವರೆ ಲಕ್ಷ ಸಾಲ ಬೇಕು, ಫಾದರ್ ಒಂದು ಮಾತು ಹೇಳಿದರೆ ಬೇಗ ಆಗುತ್ತದೆ ಎಂದು ಕೇಳಿಕೊಂಡು ಬಂದಿದ್ದರು. ಯಾವುದಕ್ಕೆ ಎಷ್ಟು ಎಂದು ಕೇಳಿದೆವು. ಪೂಜೆ ಉದ್ದೇಶಗಳನ್ನು ಬರೆಯುವ ಚೀಟಿಯ ಹಿಂಬದಿಯಲ್ಲಿ ಗಂಡನೇ ಬರೆದ: ಖಾಸಗಿ ಆಸ್ಪತ್ರೆಗೆ 70,000, ಏಳನೇ ತಿಂಗಳ ಹೂ ಮುಡಿಸುವ ಕಾರ್ಯಕ್ರಮಕ್ಕೆ 25,000, ದೀಕ್ಷಾಸ್ನಾನದ ಊಟಕ್ಕೆ ಹಾಲ್ ಸೇರಿ 40,000. ಉಳಿದ 15,000 ಮಗುವಿನ ಸಾಮಾನು ಮತ್ತು ಬಾಣಂತನಕ್ಕೆ.

ಅಂದರೆ ಮಗುವಿನ ಹೆಸರಿನಲ್ಲಿ ಮಾಡುವ ಸಾಲದಲ್ಲಿ ಮಗುವಿಗೂ ತಾಯಿಗೂ ಸೇರಿ ಸಿಗುವುದು ಹತ್ತರಲ್ಲಿ ಒಂದು ಪಾಲು. ಶೇಕಡಾ 12ರ ಬಡ್ಡಿಯಲ್ಲಿ ಮೂರು ವರ್ಷದ ಕಂತು ತಿಂಗಳಿಗೆ ಸುಮಾರು 5,000. ಆಕೆ ಎಂಟನೇ ತಿಂಗಳಿಗೆ ಕೆಲಸ ಬಿಡಬೇಕು ಎಂಬುದು ಅವರ ಎಣಿಕೆ. ಹಾಗಾದರೆ ಮನೆಗೆ ಬರುವುದು 16,000 ಮಾತ್ರ. ಬಾಡಿಗೆ ಮತ್ತು ಕಂತು ಕಳೆದರೆ ಅಕ್ಕಿ, ಗ್ಯಾಸ್, ಹಾಲು, ಮೀನು, ಬಸ್ಸು ಎಲ್ಲಕ್ಕೂ 5,000. ಗಂಡ ಚೀಟಿಯನ್ನು ಒಮ್ಮೆ ನೋಡಿ ಪೆನ್ನು ಕೆಳಗಿಟ್ಟ.

ನಮಗೆ ಹೆಚ್ಚು ಬೇಸರವಾದದ್ದು ಅದರ ನಂತರ. ಆಕೆಯ ಸಂಬಳದ ಚೀಟಿ ತರಿಸಿ ನೋಡಿದಾಗ ಪ್ರತಿ ತಿಂಗಳು 83 ರೂಪಾಯಿ ಇಎಸ್‌ಐಗೆ ಕಡಿತವಾಗುತ್ತಿತ್ತು. ನಾಲ್ಕು ವರ್ಷದಿಂದ. ಅದು ಜ್ವರ ಬಂದರೆ ಮದ್ದು ಕೊಡುವ ಯೋಜನೆ ಎಂದಷ್ಟೇ ಆಕೆಗೆ ಗೊತ್ತಿತ್ತು. 21,000 ರೂಪಾಯಿವರೆಗೆ ಸಂಬಳವಿದ್ದು ಇಎಸ್‌ಐಯಲ್ಲಿರುವ ಮಹಿಳೆಗೆ ಹೆರಿಗೆಯ ಸಮಯದಲ್ಲಿ 26 ವಾರಗಳ ಪೂರ್ತಿ ಸರಾಸರಿ ಸಂಬಳ ನಿಗಮದಿಂದಲೇ ಸಿಗುತ್ತದೆ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಒಟ್ಟು 70 ದಿನಗಳ ವಂತಿಗೆ ಸಂದಿರಬೇಕು, ಅಷ್ಟೇ. ಆಕೆಯ ಲೆಕ್ಕದಲ್ಲಿ ಅದು ಸುಮಾರು 66,000 ರೂಪಾಯಿ. ಕೆಲಸ ಬಿಡುತ್ತೇನೆಂದು ಅಂಗಡಿಗೆ ಕಾಗದ ಬರೆದು ಕೊಡುವ ಹಂತದಲ್ಲಿದ್ದರು. ಬರೆದಿದ್ದರೆ ಎಲ್ಲವೂ ಗೊಂದಲವಾಗುತ್ತಿತ್ತು. ರಾಜೀನಾಮೆ ಬೇರೆ, ಹೆರಿಗೆ ರಜೆ ಬೇರೆ. ಗರ್ಭಿಣಿ ಎಂಬ ಕಾರಣಕ್ಕೆ ಕೆಲಸದಿಂದ ತೆಗೆಯುವುದನ್ನೂ ಕಾನೂನು ತಡೆಯುತ್ತದೆ. ಮದುವೆ ತಯಾರಿ ಶಿಬಿರಗಳಲ್ಲಿ ನಾವು ಮೂರು ದಿನ ಪಾಠ ಮಾಡುತ್ತೇವೆ. ಸಂಬಳದ ಚೀಟಿ ಓದುವುದನ್ನು ಹೇಳಿಕೊಡುವುದಿಲ್ಲ.

ಇಎಸ್‌ಐ ಇಲ್ಲದವರೇ ನಮ್ಮಲ್ಲಿ ಹೆಚ್ಚು ಎಂಬುದು ನಿಜ. ಬೀಡಿ ಕಟ್ಟುವವರು, ಮೀನು ಮಾರುವವರು, ಮನೆಯಲ್ಲೇ ಹೊಲಿಗೆ ಮಾಡುವವರು, ಪರರ ಮನೆಯಲ್ಲಿ ದುಡಿಯುವವರು. ಇವರಿಗೆ ಇರುವುದು 2017ರಲ್ಲಿ ಬಂದ ಪ್ರಧಾನ ಮಂತ್ರಿ ಮಾತೃವಂದನಾ ಯೋಜನೆ. ಮೊದಲ ಮಗುವಿಗೆ 5,000 ರೂಪಾಯಿ: ಗರ್ಭಿಣಿಯಾಗಿ ಆರು ತಿಂಗಳೊಳಗೆ ನೋಂದಾಯಿಸಿ ಒಮ್ಮೆ ತಪಾಸಣೆ ಮಾಡಿಸಿದರೆ 3,000, ಮಗುವಿನ ಜನನ ನೋಂದಣಿಯಾಗಿ ಮೊದಲ ಸುತ್ತಿನ ಚುಚ್ಚುಮದ್ದು ಮುಗಿದ ಮೇಲೆ 2,000. ಎರಡನೆಯದು ಹೆಣ್ಣುಮಗುವಾದರೆ 6,000 ಎಂಬುದನ್ನು 2022ರಲ್ಲಿ ಸೇರಿಸಲಾಯಿತು. ಬಿಪಿಎಲ್ ಕಾರ್ಡು, ಇ-ಶ್ರಮ ಕಾರ್ಡು ಅಥವಾ ಎಂಟು ಲಕ್ಷಕ್ಕಿಂತ ಕಡಿಮೆ ವಾರ್ಷಿಕ ಆದಾಯದ ಪತ್ರ, ಇವುಗಳಲ್ಲಿ ಒಂದಿದ್ದರೆ ಸಾಕು. ಇಎಸ್‌ಐಯಂತೆ ಬೇರೆ ಕಾನೂನಿನಡಿ ಹೆರಿಗೆ ಸಂಬಳ ಪಡೆಯುವವರಿಗೆ ಇದು ಇಲ್ಲ. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರಿರುವ ಮಹಿಳೆಯರಿಗೆ ಪ್ರತ್ಯೇಕ ಹೆರಿಗೆ ಸಹಾಯಧನವಿದೆ.

ಇಲ್ಲಿ ಒಂದು ಮಾತು ಸರಕಾರಕ್ಕೂ ಹೇಳಬೇಕು. 2013ರ ಆಹಾರ ಭದ್ರತಾ ಕಾಯ್ದೆಯು ಪ್ರತಿಯೊಬ್ಬ ಗರ್ಭಿಣಿಗೆ 6,000 ರೂಪಾಯಿಗಿಂತ ಕಡಿಮೆಯಿಲ್ಲದ ನೆರವು ಎಂದಿತ್ತು. ಕೊಡುತ್ತಿರುವುದು ಮೊದಲ ಮಗುವಿಗೆ 5,000. ಉಳಿದದ್ದು ಜನನಿ ಸುರಕ್ಷಾದ ಹಣದಿಂದ ಸೇರಿಕೊಳ್ಳುತ್ತದೆ ಎನ್ನುವುದು ಅಧಿಕಾರಿಗಳ ವಾದ. 2013ರ 6,000ಕ್ಕೆ ಇಂದು ಎಷ್ಟು ಬೆಲೆ ಎಂಬುದನ್ನು ಮೀನು ಮಾರ್ಕೆಟ್‌ಗೆ ಹೋಗುವ ಯಾರೂ ಹೇಳಬಲ್ಲರು.

ಆಸ್ಪತ್ರೆಯ ವಿಷಯ ಸೂಕ್ಷ್ಮ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಉಚಿತ. ಸಿಸೇರಿಯನ್, ರಕ್ತ, ಔಷಧ, ಸ್ಕ್ಯಾನಿಂಗ್, ಊಟ, ಮನೆಗೆ ಹಿಂತಿರುಗಲು ವಾಹನ ಎಲ್ಲವೂ ಅದರಲ್ಲಿ ಸೇರಿದೆ. ಮಂಗಳೂರಿನಲ್ಲಿ 1849ರಿಂದ ಹೆಂಗಸರಿಗಾಗಿಯೇ ಇರುವ ಲೇಡಿಗೋಷನ್ ಆಸ್ಪತ್ರೆಯಿದೆ. ಆದರೂ ನಮ್ಮವರಲ್ಲಿ ಅನೇಕರು ಅಲ್ಲಿಗೆ ಹೋಗಲು ಹಿಂಜರಿಯುತ್ತಾರೆ. ಜನಸಂದಣಿ, ಗದರಿಕೆ, ಕೈಬಿಸಿ ಮಾಡಬೇಕೆಂಬ ಮಾತು, ಇವೆಲ್ಲ ಬರೀ ಕಲ್ಪನೆ ಎಂದು ನಾವು ಹೇಳಲಾರೆವು. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರಂತೆ ಸತ್ತ ಮೇಲೆ ಭಯ ಇನ್ನೂ ಹೆಚ್ಚಾಯಿತು. ಡ್ರಿಪ್ ದ್ರಾವಣದ ಮೇಲೆ ಸಂಶಯ ಬಂದು ಅದರ ಬಳಕೆಯನ್ನು ಸರಕಾರ ತಡೆಹಿಡಿಯಬೇಕಾಯಿತು. ಅದೇ ವೇಳೆಗೆ ಇನ್ನೊಂದು ಅಂಕಿಯನ್ನೂ ನೋಡಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇಕಡಾ 47.4 ಸಿಸೇರಿಯನ್, ಸರಕಾರಿ ಆಸ್ಪತ್ರೆಗಳಲ್ಲಿ 14.3. ಖಾಸಗಿಗೆ ಹೋಗುವವರ ಹೊಟ್ಟೆಯಲ್ಲಿರುವ ಮಕ್ಕಳು ಮಾತ್ರ ಇಷ್ಟೊಂದು ಅಡ್ಡ ತಿರುಗುತ್ತವೆಯೇ? ಯಾವ ಆಸ್ಪತ್ರೆ ಎಂಬುದು ಕುಟುಂಬದ ತೀರ್ಮಾನ. ತಾಯಿಗೆ ರಕ್ತದೊತ್ತಡವೋ ಸಕ್ಕರೆ ಕಾಯಿಲೆಯೋ ಇದ್ದಾಗ ವೈದ್ಯರ ಮಾತೇ ಕೊನೆಯದು. ಆದರೆ "ಸರಕಾರಿಗೆ ಹೋದರೆ ನಾಲ್ಕು ಜನ ಏನೆನ್ನುತ್ತಾರೆ" ಎಂಬ ಒಂದೇ ಕಾರಣಕ್ಕೆ 70,000 ಸಾಲ ಮಾಡುವುದನ್ನು ನಾವು ಒಪ್ಪುವುದಿಲ್ಲ. ಖಾಸಗಿಗೇ ಹೋಗುವುದಾದರೆ ಸಾಮಾನ್ಯ ಹೆರಿಗೆಗೆ ಎಷ್ಟು, ಸಿಸೇರಿಯನ್ನಿಗೆ ಎಷ್ಟು, ಮಗುವನ್ನು ಐಸಿಯುನಲ್ಲಿ ಇಡಬೇಕಾದರೆ ದಿನಕ್ಕೆ ಎಷ್ಟು ಎಂದು ಏಳನೇ ತಿಂಗಳಿಗೇ ಕೇಳಿ ಬರೆದುಕೊಳ್ಳಿ. ಆರೋಗ್ಯ ವಿಮೆ ಇದೆ ಎಂದು ನಂಬಿ ಕೂರಬೇಡಿ. ಹೆಚ್ಚಿನ ಪಾಲಿಸಿಗಳಲ್ಲಿ ಹೆರಿಗೆ ಸೇರಿರುವುದಿಲ್ಲ, ಸೇರಿದ್ದರೂ ಕಾಯುವ ಅವಧಿಯಿರುತ್ತದೆ.

(2023ರ ಜೂನ್ 11ರಂದು ಆರಂಭವಾದ ಹೆಂಗಸರ ಉಚಿತ ಬಸ್ ಪ್ರಯಾಣವೂ ನಮ್ಮ ಜಿಲ್ಲೆಗಳ ಗರ್ಭಿಣಿಯರಿಗೆ ಅಷ್ಟಾಗಿ ದಕ್ಕಲಿಲ್ಲ. ಇಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು. ತಿಂಗಳ ತಪಾಸಣೆಗೆ ಎರಡು ಬಸ್ಸು ಬದಲಿಸಿ ಹೋಗುವವರ ಟಿಕೆಟ್ ಖರ್ಚನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.)

ಇನ್ನು ಮಗುವಿಗೆ ನಿಜವಾಗಿ ಬೇಕಾದದ್ದು. ಇದನ್ನು ಬರೆಯಲು ನಮಗಿಂತ ನಮ್ಮ ಅಜ್ಜಿಯರೇ ಯೋಗ್ಯರು. ಹಳೆಯ ಹತ್ತಿ ಸೀರೆ, ಒಗೆದು ಒಗೆದು ಮೆತ್ತಗಾದ ಲುಂಗಿ, ಅವನ್ನು ಹರಿದು ಕುದಿಸಿ ಬಿಸಿಲಿಗೆ ಹಾಕಿದ ಇಪ್ಪತ್ತು ಮೂವತ್ತು ತುಂಡುಗಳು. ಮಳೆಗಾಲದಲ್ಲಿ ಹುಟ್ಟುವ ಮಗುವಾದರೆ ಇನ್ನೂ ಹೆಚ್ಚು, ಏಕೆಂದರೆ ಜುಲೈಯಲ್ಲಿ ನಮ್ಮೂರಲ್ಲಿ ಬಟ್ಟೆ ಒಣಗುವುದಿಲ್ಲ. ಆಗ ರಾತ್ರಿಗೆಂದು ಒಂದೆರಡು ಡಯಾಪರ್ ತರುವುದು ತಪ್ಪಲ್ಲ. ತೊಟ್ಟಿಲು ಕೊಳ್ಳುವ ವಸ್ತುವಲ್ಲ, ಮನೆಯಿಂದ ಮನೆಗೆ ಹೋಗುವ ವಸ್ತು. ಹುಟ್ಟುವ ಮೊದಲು ಮಗುವಿಗೆ ಹೊಸ ಬಟ್ಟೆ ತರಬಾರದು ಎಂಬ ನಂಬಿಕೆಯನ್ನು ನಾವು ಪೀಠದಿಂದ ಸಮರ್ಥಿಸಲಾರೆವು, ಆದರೆ ಅದು ಎಷ್ಟೋ ಮನೆಗಳ ದುಡ್ಡು ಉಳಿಸಿದೆ. ಮೊದಲ ಆರು ತಿಂಗಳು ತಾಯಿಯ ಹಾಲು ಬಿಟ್ಟು ನೀರೂ ಬೇಡ. ಡಬ್ಬಿ ಹಾಲಿನ ಜಾಹೀರಾತನ್ನು 1992ರ ಕಾನೂನೇ ನಿಷೇಧಿಸಿದೆ. ಆದರೂ ಅಂಗಡಿಯವರ ಸಲಹೆ, ನೆಂಟರ ಸಲಹೆ ನಿಲ್ಲುವುದಿಲ್ಲ. ಚುಚ್ಚುಮದ್ದುಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಖಾಸಗಿ ಕ್ಲಿನಿಕ್ಕುಗಳಲ್ಲಿ ಸಾವಿರಾರು ರೂಪಾಯಿಯಾಗುವ ನ್ಯುಮೋನಿಯಾ ಲಸಿಕೆಯೂ 2021ರಿಂದ ದೇಶದಾದ್ಯಂತ ಸರಕಾರಿ ಪಟ್ಟಿಯಲ್ಲಿದೆ. ಜನನ ನೋಂದಣಿ 21 ದಿನಗಳೊಳಗೆ ಮಾಡಿಸಬೇಕು. 2023ರ ಅಕ್ಟೋಬರ್ ನಂತರ ಹುಟ್ಟಿದ ಮಕ್ಕಳಿಗೆ ಶಾಲೆಯಿಂದ ಹಿಡಿದು ಎಲ್ಲಕ್ಕೂ ಆ ಪತ್ರವೇ ಆಧಾರ.

ಉಳಿಸಬಾರದ ಜಾಗವೊಂದಿದೆ: ತಾಯಿಯ ತಟ್ಟೆ. ಮೊಟ್ಟೆ, ಬೂತಾಯಿ, ನುಗ್ಗೆಸೊಪ್ಪು, ಹುರುಳಿ, ರಾಗಿ, ಕಬ್ಬಿಣದ ಮಾತ್ರೆ. ಅಂಗನವಾಡಿಯಲ್ಲಿ 2017ರ ಮಾತೃಪೂರ್ಣ ಯೋಜನೆಯಡಿ ಗರ್ಭಿಣಿ ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟವಿದೆ. ಗುಡ್ಡ ಇಳಿದು ಹತ್ತಿ ಹೋಗುವ ಮನೆಗಳಿಗೆ ಅದು ಕಷ್ಟ ಎಂಬುದನ್ನು ಒಪ್ಪುತ್ತೇವೆ. ಆದರೆ ಹತ್ತಿರವಿದ್ದೂ ನಮ್ಮ ಹೆಂಗಸರು ಹೋಗುವುದಿಲ್ಲ. "ಅದು ಪಾಪದವರಿಗೆ, ಫಾದರ್" ಎಂದು ಒಬ್ಬರು ನಮಗೆ ಹೇಳಿದರು. ಅವರ ಗಂಡ ಆಗಲೇ ಕುತ್ತಿಗೆಯ ಸರ ಅಡವಿಟ್ಟಾಗಿತ್ತು.

ಹೂ ಮುಡಿಸುವುದು ಒಳ್ಳೆಯ ಸಂಪ್ರದಾಯ. ತವರಿನವರು ಮಲ್ಲಿಗೆ, ಸೀರೆ ತಂದು ಹರಸುವುದಕ್ಕೆ ಮನೆಯ ಚಾವಡಿ ಸಾಕಿತ್ತು. ಸ್ಟೇಜು, ಬಲೂನು, ಫೋಟೊಗ್ರಾಫರ್ ಬಂದದ್ದು ಈಚೆಗೆ. ದೀಕ್ಷಾಸ್ನಾನದ ವಿಷಯದಲ್ಲಿ ಮಾತ್ರ ನಾವು ಸುಮ್ಮನಿರಲಾರೆವು. ಮಗು ಹುಟ್ಟಿದ ಮೊದಲ ವಾರಗಳಲ್ಲೇ ದೀಕ್ಷಾಸ್ನಾನ ಕೊಡಿಸಬೇಕೆಂದು ಧರ್ಮಸಭೆಯ ಕಾನೂನಿನ 867ನೇ ನಿಯಮ ಹೇಳುತ್ತದೆ. ನಮ್ಮಲ್ಲಿ ಅದು ಹಾಲ್ ಸಿಗುವವರೆಗೆ, ಗಲ್ಫಿನ ಮಾಮ ರಜೆಯಲ್ಲಿ ಬರುವವರೆಗೆ, ಸಾಲ ಮಂಜೂರಾಗುವವರೆಗೆ ಕಾಯುತ್ತದೆ. ಜ್ಞಾನ ತಂದೆತಾಯಿಯಾಗಲು ಕೇಳಿದರೆ ಜನ ತಪ್ಪಿಸಿಕೊಳ್ಳುವ ಕಾಲ ಬಂದಿದೆ. ಚಿನ್ನ 2025ರಲ್ಲಿ ಹತ್ತು ಗ್ರಾಮಿಗೆ ಲಕ್ಷ ದಾಟಿದ ಮೇಲೆ ಮಗುವಿನ ಸರವೂ ಉಂಗುರವೂ ಅವರಿಗೆ ಭಾರವಾಗಿದೆ. ಜೋಸೆಫರೂ ಮರಿಯಳೂ ನಲವತ್ತನೇ ದಿನ ದೇವಾಲಯಕ್ಕೆ ಹೋದಾಗ ಕುರಿಮರಿ ಒಯ್ಯಲಿಲ್ಲ. ಕುರಿಮರಿ ಕೊಳ್ಳಲಾಗದವರು ಎರಡು ಹಕ್ಕಿಗಳನ್ನು ತರಲಿ ಎಂದು ಮೋಶೆಯ ಧರ್ಮಶಾಸ್ತ್ರವೇ ದಾರಿ ಮಾಡಿಕೊಟ್ಟಿತ್ತು, ಅವರು ಅದನ್ನೇ ತಂದರು ಎಂದು ಲೂಕನು ಬರೆದಿದ್ದಾನೆ. ಅದನ್ನು ಮುಚ್ಚಿಡಬೇಕೆಂದು ಅವನಿಗೆ ಅನಿಸಲಿಲ್ಲ.

ಈಗ ನಮ್ಮ ಅಂಗಳದ ಮಾತು. ಧರ್ಮಕೇಂದ್ರಗಳ ದೀಕ್ಷಾಸ್ನಾನದ ಪುಸ್ತಕ ತೆಳ್ಳಗಾಗುತ್ತಿದೆ ಎಂದು ಗುರುಗಳು ಕೊರಗುತ್ತಾರೆ, ಹೆಚ್ಚು ಮಕ್ಕಳನ್ನು ಪಡೆಯಿರಿ ಎಂದು ಪ್ರವಚನದಲ್ಲಿ ಹೇಳುತ್ತಾರೆ. ಮೇಲೆ ಹೇಳಿದ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳು 1.7. ಕೇರಳದ ಪಾಲಾ ಧರ್ಮಪ್ರಾಂತ್ಯ 2021ರಲ್ಲಿ ಐದು ಅಥವಾ ಹೆಚ್ಚು ಮಕ್ಕಳಿರುವ ಕುಟುಂಬಗಳಿಗೆ ತಿಂಗಳಿಗೆ 1,500 ರೂಪಾಯಿ ಘೋಷಿಸಿ ಸುದ್ದಿಯಾಯಿತು. ಅವರ ಕಾಳಜಿಯನ್ನು ಗೌರವಿಸುತ್ತೇವೆ. ಆದರೆ ಮೊದಲ ಮಗುವಿಗೇ ಸಾಲ ಮಾಡಿ ಮೂರು ವರ್ಷ ಕಂತು ಕಟ್ಟಿದವರು ಐದನೆಯದರ ತನಕ ಬರುವುದು ಹೇಗೆ? ನಮ್ಮ ಶಾಲೆ, ಆಸ್ಪತ್ರೆ, ಸಂಸ್ಥೆಗಳಲ್ಲಿ ದುಡಿಯುವ ಅನುದಾನರಹಿತ ಶಿಕ್ಷಕಿಯರಿಗೆ, ದಾದಿಯರಿಗೆ, ಆಯಾಗಳಿಗೆ 26 ವಾರಗಳ ಸಂಬಳಸಹಿತ ರಜೆ ಸಿಗುತ್ತಿದೆಯೇ? ಅಥವಾ ಜೂನ್‌ನಲ್ಲಿ ಹೊಸ ನೇಮಕ ಎಂಬ ನೆಪದಲ್ಲಿ ಅವರ ಹೆಸರು ಮೆಲ್ಲಗೆ ಬಿಟ್ಟು ಹೋಗುತ್ತದೆಯೇ? ಸಂಚಾಲಕರಾಗಿರುವ ಗುರುಗಳು, ಭಗಿನಿಯರು ಹಾಜರಿ ಪುಸ್ತಕ ತೆರೆದು ನೋಡಲಿ. ಬಡವರು ಬಡತನದ ಕಾರಣದಿಂದ ಸಂಸ್ಕಾರಗಳ ಸಹಾಯದಿಂದ ವಂಚಿತರಾಗಬಾರದು ಎನ್ನುವ 848ನೇ ನಿಯಮವನ್ನು ಊಟದ ಪಂಕ್ತಿಗೂ ಅನ್ವಯಿಸಬಹುದು: ಪಾಲನಾ ಮಂಡಳಿಯವರು, ಗುರಿಕಾರರು ತಮ್ಮ ಮೊಮ್ಮಕ್ಕಳ ದೀಕ್ಷಾಸ್ನಾನವನ್ನು ಭಾನುವಾರದ ಪೂಜೆಯ ನಂತರ ಚಹಾ, ಕೇಕಿನಲ್ಲಿ ಮುಗಿಸಿದರೆ ಉಳಿದವರಿಗೆ ಧೈರ್ಯ ಬರುತ್ತದೆ. ಇಲ್ಲದವರೇ ಮೊದಲು ಸರಳತೆ ತೋರಿಸಬೇಕೆಂದು ಕೇಳುವುದು ನ್ಯಾಯವಲ್ಲ. ಪ್ರತಿ ವಾಳೆಯಲ್ಲಿ ಒಬ್ಬ ಸಹೋದರಿ ಆಶಾ ಕಾರ್ಯಕರ್ತೆಯ ಫೋನ್ ನಂಬರು ಇಟ್ಟುಕೊಂಡು ತಾಯಿ ಕಾರ್ಡು, ಅರ್ಜಿ, ಬ್ಯಾಂಕು ಖಾತೆ ನೋಡಿಕೊಂಡರೆ ವಿನ್ಸೆಂಟ್ ದಿ ಪಾವ್ಲ್ ಸಭೆಯ ಹಣವನ್ನು ನಿಜವಾಗಿ ಬೇಕಾದಲ್ಲಿಗೆ ಕೊಡಬಹುದು.

ಆ ದಂಪತಿ ಕೊನೆಗೆ 40,000 ಸಾಲ ಮಾಡಿದರು. ಹೆರಿಗೆ ಖಾಸಗಿಯಲ್ಲೇ ಆಯಿತು. ಗಂಡನ ತಾಯಿ ಅದೊಂದನ್ನು ಬಿಟ್ಟುಕೊಡಲಿಲ್ಲ, ತನ್ನ ಬಳೆ ಮಾರಿ ಒಂದು ಪಾಲು ಕೊಟ್ಟರು. ಹೂ ಮುಡಿಸಿದ್ದು ತವರಿನ ಚಾವಡಿಯಲ್ಲಿ. ಹೆಣ್ಣುಮಗು. ನಾಲ್ಕನೇ ಭಾನುವಾರ ಎರಡನೇ ಪೂಜೆಯ ನಂತರ ದೀಕ್ಷಾಸ್ನಾನವಾಯಿತು, ಇಪ್ಪತ್ತೆರಡು ಮಂದಿ ಚಹಾ ಕುಡಿದರು. ಇಎಸ್‌ಐ ಹಣದಲ್ಲಿ ಒಂದು ಭಾಗ ಬಂದಿದೆ. ಉಳಿದದ್ದಕ್ಕೆ ಅಂಗಡಿಯವರ ಕಡೆಯಿಂದ ಒಂದು ದೃಢೀಕರಣ ಬಾಕಿ ಇದೆ. ಆ ಕೆಲಸಕ್ಕೆ ಬರುವ ಸೋಮವಾರ ವಾಳೆಯ ಗುರಿಕಾರರು ಅವರ ಜೊತೆಗೆ ಹೋಗುತ್ತಿದ್ದಾರೆ.