ಅವಧಿಯ ವಿಸ್ಮರಣೆ: ಸಂಡೂರಿನ ಅದಿರು ಮತ್ತು ಶ್ರಾವಕನ ಎಲ್ಲೆ

ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಹದಿನಾಲ್ವರು ಕುಲಕರರ ವೃತ್ತಾಂತ ಬರುತ್ತದೆ. ಭೋಗಭೂಮಿಯ ಕಾಲ ಮುಗಿಯುತ್ತ ಬಂದಂತೆ ಕಲ್ಪವೃಕ್ಷಗಳು ವಿರಳವಾಗುತ್ತವೆ. ಬೇಡಿದ್ದನ್ನೆಲ್ಲ ಕೊಡುತ್ತಿದ್ದ ಮರಗಳ ಫಲ ಕುಗ್ಗುತ್ತದೆ. ಅದುವರೆಗೆ ಜಗಳವೆಂದರೇನೆಂದು ಅರಿಯದಿದ್ದ ಜನ ಮರಗಳಿಗಾಗಿ ಕಾದಾಡಲು ತೊಡಗುತ್ತಾರೆ. ಆಗ ಐದನೆಯ ಕುಲಕರನು ಮರಗಳಿಗೆ ಮಾತಿನಿಂದ ಎಲ್ಲೆ ಕಟ್ಟುತ್ತಾನೆ. ಅವನ ಹೆಸರೇ ಸೀಮಂಕರ. ಮಾತಿನ ಎಲ್ಲೆ ಸಾಲದೆ ಕಲಹ ಹೆಚ್ಚಿದಾಗ ಆರನೆಯವನು ಗಿಡಪೊದೆಗಳ ಗುರುತಿನಿಂದ ಅದನ್ನು ಸ್ಥಿರಗೊಳಿಸುತ್ತಾನೆ; ಅವನು ಸೀಮಂಧರ. ಸಂಪನ್ಮೂಲದ ಕೊರತೆ, ಅದಕ್ಕಾಗಿ ಪೈಪೋಟಿ, ಪೈಪೋಟಿಗೆ ಉತ್ತರವಾಗಿ ಮಿತಿ: ಈ ಕ್ರಮ ನಮ್ಮ ಪುರಾಣಕಾರರಿಗೆ ಅಪರಿಚಿತವಾಗಿರಲಿಲ್ಲ.

ಆದರೆ ಈ ಲೇಖನದ ಉದ್ದೇಶ ನಮ್ಮವರು ಎಲ್ಲವನ್ನೂ ಮೊದಲೇ ಹೇಳಿದ್ದರೆಂದು ಬೀಗುವುದಲ್ಲ. ಅಂಥ ಬೀಗುವಿಕೆಯೇ ಇಂದಿನ ರೋಗದ ಒಂದು ಭಾಗವೆಂದು ತೋರಿಸುವುದು ನನ್ನ ಇಚ್ಛೆ. ವಿಚಾರಸಂಕಿರಣಗಳಲ್ಲಿ ‘ಅಪರಿಗ್ರಹವೇ ಸುಸ್ಥಿರ ಅಭಿವೃದ್ಧಿ’ ಎಂಬ ಮಾತು ಮಂಗಳಾಚರಣೆಯಂತೆ ಕೇಳಿಬರುತ್ತದೆ. ಆ ಎರಡು ಪದಗಳನ್ನು ಸಮೀಕರಿಸುವವರು ಎರಡನ್ನೂ ಓದಿಲ್ಲವೆಂದೇ ನನ್ನ ಆಕ್ಷೇಪ. ಇಂದು ಬಳಕೆಯಲ್ಲಿರುವ ‘ಸುಸ್ಥಿರ’ವು ಬೇಡಿಕೆಯನ್ನು ಒಪ್ಪಿಕೊಂಡು, ಅದನ್ನು ಎಷ್ಟು ವೇಗದಲ್ಲಿ ಪೂರೈಸಬಹುದೆಂದು ಲೆಕ್ಕ ಹಾಕುತ್ತದೆ. ಶ್ರಾವಕಾಚಾರವು ಬೇಡಿಕೆಗೇ ಮೊದಲು ಎಲ್ಲೆ ಹಾಕಿ, ಆ ಬಳಿಕ ಬದುಕನ್ನು ಅದರೊಳಗೆ ಹೊಂದಿಸಿಕೊಳ್ಳಲು ಹೇಳುತ್ತದೆ. ಇವೆರಡೂ ಒಂದೇ ಅಲ್ಲ. ಅನೇಕ ಸಂದರ್ಭಗಳಲ್ಲಿ ಪರಸ್ಪರ ವಿರುದ್ಧ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಬರುವ ದಿಗ್ವ್ರತದ ಪ್ರಕರಣವನ್ನು ನೋಡಿ. ಗೃಹಸ್ಥನು ದಿಕ್ಕುದಿಕ್ಕಿಗೂ ಒಂದು ಗಡಿಯನ್ನು ಗೊತ್ತುಪಡಿಸಿಕೊಂಡು, ಬದುಕಿರುವವರೆಗೆ ಅದನ್ನು ದಾಟೆನೆಂದು ನಿಯಮ ಹಿಡಿಯುವುದು ದಿಗ್ವ್ರತ. ಆ ಗಡಿಗೆ ಯಾವುದು ಗುರುತು? ಸಮುದ್ರ, ನದಿ, ಅಡವಿ, ಬೆಟ್ಟ, ನಾಡು, ಯೋಜನದ ಅಳತೆ. ಅಂದರೆ ಮನುಷ್ಯನ ಆಸೆ ಎಲ್ಲಿ ನಿಲ್ಲಬೇಕೆಂದು ಹೇಳುವ ಕಲ್ಲುಕಂಬಗಳಾಗಿ ನಿಂತಿರುವುವು ಬೆಟ್ಟ, ಕಾಡು, ಹೊಳೆಗಳೇ. ಈ ವ್ರತಕ್ಕೆ ಐದು ಅತಿಚಾರಗಳು: ಮೇಲಕ್ಕೆ ಮೀರುವುದು, ಕೆಳಕ್ಕೆ ಮೀರುವುದು, ಅಡ್ಡಲಾಗಿ ಮೀರುವುದು, ಕ್ಷೇತ್ರವನ್ನು ಹಿಗ್ಗಿಸಿಕೊಳ್ಳುವುದು, ಕೊನೆಯದಾಗಿ, ಹಾಕಿಕೊಂಡ ಅವಧಿಯನ್ನು ಮರೆಯುವುದು. ತತ್ತ್ವಾರ್ಥಸೂತ್ರವೂ ಇದೇ ಐದನ್ನು ಹೇಳಿ ಕೊನೆಯದನ್ನು ‘ಸ್ಮೃತ್ಯಂತರಾಧಾನ’ ಎಂದು ಕರೆಯುತ್ತದೆ. ಮರೆವನ್ನು ದೌರ್ಬಲ್ಯವೆಂದು ಕ್ಷಮಿಸದೆ ದೋಷಗಳ ಪಟ್ಟಿಗೆ ಸೇರಿಸಿರುವುದು ಗಮನಾರ್ಹ. ಎಲ್ಲೆಯ ನೆನಪು ಉಳಿಯದಿದ್ದರೆ ಎಲ್ಲೆಯೇ ಉಳಿಯದು ಎಂಬ ತಿಳಿವು ಅದರ ಹಿಂದಿದೆ.

ದಿಗ್ವ್ರತವು ಪರಿಸರಶಾಸ್ತ್ರವಲ್ಲ ಎಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು. ಗಡಿಯಾಚೆ ತನ್ನಿಂದ ಹಿಂಸೆ ನಡೆಯದಂತೆ ವ್ರತಿಯು ತನ್ನನ್ನು ಕಾಯ್ದುಕೊಳ್ಳುವುದೇ ಅದರ ಗುರಿ, ಬೆಟ್ಟವನ್ನು ಕಾಯುವುದಲ್ಲ. ಆದರೂ ಮಿತಿ ಎಂಬುದರ ಸ್ವರೂಪವನ್ನು ಅದು ಎಷ್ಟು ನಿಷ್ಠುರವಾಗಿ ಬಿಡಿಸಿಟ್ಟಿದೆಯೆಂದರೆ, ಇಂದಿನ ಮಿತಿಗಳನ್ನು ಒರೆಗೆ ಹಚ್ಚಲು ಅದಕ್ಕಿಂತ ಒಳ್ಳೆಯ ಕಲ್ಲು ನನಗೆ ದೊರೆತಿಲ್ಲ.

ಆ ಒರೆಗಲ್ಲನ್ನು ಹಿಡಿದು ಸಂಡೂರಿಗೆ ಬರೋಣ. ಬಳ್ಳಾರಿ ಸೀಮೆಯ ಕಬ್ಬಿಣದ ಅದಿರಿನ ಕಥೆಯಲ್ಲಿ ಐದು ಅತಿಚಾರಗಳೂ ಕಾಣುತ್ತವೆ. 2003ರಲ್ಲಿ ರಾಜ್ಯ ಸರ್ಕಾರವು ಸಾರ್ವಜನಿಕ ವಲಯಕ್ಕೆ ಮೀಸಲಾಗಿದ್ದ 11,620 ಚದರ ಕಿಲೋಮೀಟರ್ ಪ್ರದೇಶವನ್ನು ಖಾಸಗಿ ಗಣಿಗಾರಿಕೆಗೆ ತೆರೆಯಿತು, ಇದು ಕ್ಷೇತ್ರವೃದ್ಧಿ. ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಂತೆ ಗುಂಡಿಗಳು ಕೆಳಕ್ಕಿಳಿದವು, ತ್ಯಾಜ್ಯದ ರಾಶಿಗಳು ಮೇಲಕ್ಕೇರಿದವು, ಗುತ್ತಿಗೆಯ ಗೆರೆಗಳು ಅಡ್ಡಲಾಗಿ ಪಕ್ಕದ ಅರಣ್ಯಕ್ಕೆ ಹರಿದವು. ಕರ್ನಾಟಕ ಮತ್ತು ಆಂಧ್ರದ ನಡುವಣ ಗಡಿಯನ್ನೇ ಮತ್ತೆ ಅಳೆಯಬೇಕಾದ ಸ್ಥಿತಿ ಬಂತು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರ ಜುಲೈನಲ್ಲಿ ಸಲ್ಲಿಸಿದ ವರದಿಯು 2006ರಿಂದ 2010ರವರೆಗೆ ಸುಮಾರು 2.98 ಕೋಟಿ ಟನ್ ಅದಿರು ಅಕ್ರಮವಾಗಿ ರಫ್ತಾಯಿತೆಂದು ಲೆಕ್ಕ ಹಾಕಿತು. ಮುಟ್ಟುಗೋಲು ಹಾಕಿಕೊಂಡ ಅದಿರು ಕೂಡ ಬೇಲೇಕೇರಿ ಬಂದರಿನಿಂದ ಮಾಯವಾಯಿತು. ಲಾರಿಗಳಿಗೆ ಮಿತಿಮೀರಿ ಹೇರುತ್ತಿದ್ದುದು ಲೋಕಾಯುಕ್ತ ತನಿಖೆಯ ಮುಖ್ಯ ಅಂಶಗಳಲ್ಲೊಂದಾಗಿತ್ತು. ಪರಿಮಿತ ಪರಿಗ್ರಹದ ಅತಿಚಾರಗಳನ್ನು ಎಣಿಸುವಾಗ ಸಮಂತಭದ್ರರು ಅತಿಸಂಗ್ರಹ, ಲೋಭಗಳ ಜೊತೆಗೆ ಅತಿವಾಹನ, ಅತಿಭಾರವಹನಗಳನ್ನೂ ಹೆಸರಿಸಿದ್ದಾರೆ. ಅವರ ಮನಸ್ಸಿನಲ್ಲಿದ್ದುದು ಎತ್ತು ಮತ್ತು ಆಳು. ಆದರೆ ಹೇರಿನ ಹಿಂದಿರುವ ಮನಸ್ಸು ಬದಲಾಗಿಲ್ಲ.

ಇದೆಲ್ಲ ತಿಳಿದ ಸಂಗತಿಯೇ. ನಮ್ಮ ಆಚಾರ್ಯರ ಪರಿಭಾಷೆಯಲ್ಲಿ ಹೇಳುವುದಾದರೆ ಅದು ಅತಿಚಾರವನ್ನೂ ದಾಟಿದ ಅನಾಚಾರ; ತಿಳಿದೂ ತಿಳಿದೂ ಮಾಡಿದ ಭಂಗ. ಅನಾಚಾರವನ್ನು ಖಂಡಿಸುವುದು ಸುಲಭ, ಅದಕ್ಕೆ ಖಳನಾಯಕರು ಸಿಗುತ್ತಾರೆ. ನನ್ನ ತಕರಾರು ಇರುವುದು ಆ ಬಳಿಕ ಕಾನೂನಿನ ಒಳಗೆ, ಸಭ್ಯ ಭಾಷೆಯಲ್ಲಿ, ‘ಸುಸ್ಥಿರ’ ಎಂಬ ಮುದ್ರೆಯೊಡನೆ ನಡೆದ ಅತಿಚಾರದ ಬಗ್ಗೆ.

2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ, ಆಮೇಲೆ ಚಿತ್ರದುರ್ಗ ಮತ್ತು ತುಮಕೂರಿನಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. ಮೂರು ಜಿಲ್ಲೆಗಳ 166 ಗುತ್ತಿಗೆಗಳನ್ನು ಅಳೆದು, ಒತ್ತುವರಿಯ ಪ್ರಮಾಣಕ್ಕೆ ಅನುಗುಣವಾಗಿ ಎ, ಬಿ, ಸಿ ಎಂಬ ಮೂರು ವರ್ಗಗಳನ್ನು ಮಾಡಲಾಯಿತು. 2013ರ ಏಪ್ರಿಲ್ ತೀರ್ಪಿನಲ್ಲಿ ಸಿ ವರ್ಗದ ಗುತ್ತಿಗೆಗಳು ರದ್ದಾದವು. ಅದಕ್ಕಿಂತ ಮುಖ್ಯವಾದುದು ಉತ್ಪಾದನೆಗೆ ಹಾಕಿದ ವಾರ್ಷಿಕ ಮಿತಿ: ಬಳ್ಳಾರಿಗೆ 2.5 ಕೋಟಿ ಟನ್, ಚಿತ್ರದುರ್ಗ ಮತ್ತು ತುಮಕೂರಿಗೆ ಒಟ್ಟು 50 ಲಕ್ಷ ಟನ್. ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಪರಿಷತ್ತಿನ ಅಧ್ಯಯನದ ಹಿನ್ನೆಲೆಯಲ್ಲಿ ಬಂದ ಈ ಅಂಕಿಯ ಹಿಂದೆ ತಲೆಮಾರುಗಳ ನಡುವಣ ನ್ಯಾಯದ ತತ್ತ್ವವಿತ್ತು. ನಾಳಿನವರಿಗೂ ಈ ಬೆಟ್ಟದಲ್ಲಿ ಪಾಲಿದೆ ಎಂದು ನ್ಯಾಯಾಲಯವೊಂದು ಅಂಕಿಯ ಮೂಲಕ ಹೇಳಿದ ಅಪೂರ್ವ ಘಳಿಗೆ ಅದು. ಕಾನೂನಿನ ಲೋಕದಲ್ಲಿ ದಿಗ್ವ್ರತಕ್ಕೆ ಇಷ್ಟು ಹತ್ತಿರ ಬಂದ ಇನ್ನೊಂದು ಉದಾಹರಣೆ ನಮ್ಮ ನಾಡಿನಲ್ಲಿ ವಿರಳ.

ಆಮೇಲೆ ಆದುದೇನು? 2017ರ ಡಿಸೆಂಬರ್‌ನಲ್ಲಿ ಒಟ್ಟು ಮಿತಿ 3 ಕೋಟಿಯಿಂದ 3.5 ಕೋಟಿ ಟನ್ನಿಗೆ ಏರಿತು. 2022ರ ಆಗಸ್ಟ್‌ನಲ್ಲಿ 5 ಕೋಟಿ ಟನ್ನಿಗೆ ಏರಿತು: ಬಳ್ಳಾರಿಗೆ 3.5 ಕೋಟಿ, ಉಳಿದೆರಡು ಜಿಲ್ಲೆಗಳಿಗೆ 1.5 ಕೋಟಿ. ಒಂಬತ್ತು ವರ್ಷಗಳಲ್ಲಿ ಮಿತಿಯು ಮೂರನೆಯ ಎರಡು ಪಾಲಿನಷ್ಟು ಹಿಗ್ಗಿತು. ಪರಿಸ್ಥಿತಿ ಸುಧಾರಿಸಿದೆ, ಉಕ್ಕಿನ ಕಾರ್ಖಾನೆಗಳಿಗೆ ಅದಿರು ಸಾಲದು, ಬೇರೆ ರಾಜ್ಯಗಳಲ್ಲಿ ಇಂಥ ನಿರ್ಬಂಧವಿಲ್ಲ ಎಂಬುವು ವಾದಗಳು. ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಿದರೆ ಅಸಂಗತವೆನಿಸುವುದಿಲ್ಲ. ಆದರೆ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಅವುಗಳಲ್ಲಿ ಬೆಟ್ಟದ ಬಗ್ಗೆ ಇರುವುದು ಮೊದಲನೆಯದೊಂದೇ. ಉಳಿದೆರಡೂ ಬೇಡಿಕೆಯ ಬಗ್ಗೆ. ಬೇಡಿಕೆ ಏರಿದಾಗ ಏರುವ ಮಿತಿಯು ಮಿತಿಯಲ್ಲ, ಬೇಡಿಕೆಯ ನೆರಳು. ಅದಿರು 2013ರ ಬಳಿಕ ಬೆಟ್ಟದಲ್ಲಿ ಹೊಸದಾಗಿ ಬೆಳೆದಿಲ್ಲ. ಹೆಚ್ಚು ತೆಗೆದಷ್ಟು ಬೇಗ ಮುಗಿಯುತ್ತದೆ. ಯಾವ ತಲೆಮಾರಿನ ಪಾಲನ್ನು ಕಾಯಲು ಅಂಕಿಯನ್ನು ಗೊತ್ತುಪಡಿಸಲಾಯಿತೋ ಆ ಪಾಲೇ ಹೊಸ ಅಂಕಿಗೆ ಬಂಡವಾಳ. ಇದನ್ನೇ ನಾನು ಅವಧಿಯ ವಿಸ್ಮರಣೆ ಎನ್ನುವುದು. ಇಲ್ಲಿ ಯಾರೂ ಗೆರೆಯನ್ನು ದಾಟಲಿಲ್ಲ; ಗೆರೆಯನ್ನೇ ಎತ್ತಿಕೊಂಡು ಮುಂದೆ ನಡೆದರು.

ಶ್ರಾವಕಾಚಾರದಲ್ಲಿ ಎಲ್ಲೆ ಚಲಿಸುವುದೇ ಇಲ್ಲವೆಂದಲ್ಲ. ದಿಗ್ವ್ರತದ ಮುಂದೆ ದೇಶಾವಕಾಶಿಕವೆಂಬ ಇನ್ನೊಂದು ವ್ರತವಿದೆ. ಅಲ್ಲಿ ದೊಡ್ಡ ಗಡಿಯೊಳಗೇ ನಿಯತ ಕಾಲಕ್ಕೆ ಇನ್ನೂ ಚಿಕ್ಕ ಗಡಿಯನ್ನು, ಒಂದು ಮನೆಗೋ ಊರಿಗೋ ಹೊಲಕ್ಕೋ, ಹಾಕಿಕೊಳ್ಳಬೇಕು. ಎಲ್ಲೆಯು ಒಳಮುಖವಾಗಿ ಮಾತ್ರ ಸರಿಯಬಲ್ಲದು, ಹೊರಮುಖವಾಗಿ ಅಲ್ಲ. ಈ ಏಕಮುಖತೆಯಲ್ಲಿಯೇ ಮಿತಿಯ ಪ್ರಾಣವಿದೆ. ಮರುಬಳಕೆಯ ಉಕ್ಕು ಹೆಚ್ಚಿದಂತೆ, ತಂತ್ರಜ್ಞಾನ ಬೆಳೆದಂತೆ ಮಿತಿಯನ್ನು ಇಳಿಸುತ್ತ ಹೋಗುವ ವ್ಯವಸ್ಥೆಯಿದ್ದರೆ ಅದನ್ನು ಸುಸ್ಥಿರವೆಂದು ಕರೆಯಲು ನನಗೆ ಅಡ್ಡಿಯಿಲ್ಲ. ಏರುತ್ತ ಮಾತ್ರ ಹೋಗುವುದಕ್ಕೆ ಆ ಹೆಸರು ಸಲ್ಲದು.

ಇನ್ನು ಜೀವನೋಪಾಯದ ಪ್ರಶ್ನೆ. 2011ರ ನಿಷೇಧದಿಂದ ಲಾರಿ ಚಾಲಕರು, ದಿನಗೂಲಿಯವರು, ಚಿಕ್ಕಪುಟ್ಟ ಅಂಗಡಿಯವರು ಕೆಲಸ ಕಳೆದುಕೊಂಡು ಕಷ್ಟಪಟ್ಟದ್ದು ನಿಜ. ಅವರ ಹಸಿವಿನ ಎದುರು ಅಪರಿಗ್ರಹದ ಉಪದೇಶ ಮಾಡುವುದು ನಿರ್ದಯತೆ. ಜೈನ ಗೃಹಸ್ಥಧರ್ಮವೂ ಹಾಗೆ ಮಾಡುವುದಿಲ್ಲ. ಉದ್ಯೋಗದಲ್ಲಿ ಅನಿವಾರ್ಯವಾಗಿ ಆಗುವ ಹಿಂಸೆಯನ್ನು ಅದು ಸಂಕಲ್ಪಪೂರ್ವಕ ಹಿಂಸೆಯಿಂದ ಬೇರ್ಪಡಿಸಿದೆ. ಕಲ್ಪವೃಕ್ಷಗಳು ಅಳಿದಾಗ ಹಸಿದು ಬಂದ ಪ್ರಜೆಗಳಿಗೆ ವೃಷಭದೇವನು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಆರು ಕರ್ಮಗಳನ್ನು ಕಲಿಸಿದನು, ಉಪವಾಸವನ್ನಲ್ಲ. ಆದರೆ ಅದೇ ಪರಂಪರೆಯು ಶ್ರಾವಕನು ಬಿಡಬೇಕಾದ ಹದಿನೈದು ಕ್ರೂರ ವೃತ್ತಿಗಳನ್ನೂ ಎಣಿಸಿದೆ. ಆಶಾಧರರ ಸಾಗಾರಧರ್ಮಾಮೃತದಲ್ಲಿ ಇವು ಖರಕರ್ಮಗಳು. ಕಾಡು ಕಡಿಯುವುದು, ನೆಲವನ್ನು ಒಡೆಯುವುದು, ಕಾಡಿಗೆ ಬೆಂಕಿಯಿಡುವುದು, ಕೆರೆಕೊಳಗಳನ್ನು ಬತ್ತಿಸುವುದು ಆ ಪಟ್ಟಿಯಲ್ಲಿವೆ. ಹೊಟ್ಟೆಪಾಡಿಗೂ ಒಂದು ವಿವೇಕ ಬೇಕೆಂಬುದು ಇದರ ತಾತ್ಪರ್ಯ. ಸಂಡೂರಿನ ಕೂಲಿಕಾರನ ಹಸಿವನ್ನು ಮುಂದಿಟ್ಟುಕೊಂಡು ವಾದಿಸುವವರನ್ನು ನಾನು ಕೇಳುವುದಿಷ್ಟೇ: ಬೆಟ್ಟ ಮುಗಿದ ಮರುದಿನ ಅವನ ಮಗ ಏನು ಮಾಡಬೇಕು? ಈ ಪ್ರಶ್ನೆಗೆ ಕುದುರೆಮುಖದ ಅನುಭವ ನಮ್ಮ ಮುಂದಿದೆ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ಕಂಪನಿಯು ಮುಂದೆ ನೋಡಿದ್ದು ಇದೇ ಸಂಡೂರಿನ ದೇವದಾರಿ ಬೆಟ್ಟದ ಸುಮಾರು 400 ಹೆಕ್ಟೇರ್ ಕಾಡನ್ನು. 2024ರ ಜೂನ್‌ನಲ್ಲಿ ರಾಜ್ಯದ ಅರಣ್ಯ ಸಚಿವರು ಆ ಭೂಮಿಯನ್ನು ಹಸ್ತಾಂತರಿಸಬಾರದೆಂದು ಸೂಚಿಸಿದರು. ಕಂಪನಿಗೆ ಇನ್ನೊಂದು ಬೆಟ್ಟ ಸಿಗಬಹುದು, ಊರಿಗೆ ಸಿಗುವುದಿಲ್ಲ.

ಈಗ ನಮ್ಮ ಸಮಾಜದತ್ತ ತಿರುಗುತ್ತೇನೆ. 2022ರ ಕೊನೆಯಲ್ಲಿ ಜಾರ್ಖಂಡದ ಸಮ್ಮೇದ ಶಿಖರ್ಜಿಯನ್ನು ಪ್ರವಾಸೋದ್ಯಮಕ್ಕೆ ತೆರೆಯುವುದನ್ನು ವಿರೋಧಿಸಿ ದೇಶದಾದ್ಯಂತ ಜೈನರು ಬೀದಿಗಿಳಿದರು. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಅದಕ್ಕೆ ತಡೆ ನೀಡಿತು. ನ್ಯಾಯವಾದ ಹೋರಾಟ, ನಾನೂ ಅದನ್ನು ಮನಸಾರೆ ಬೆಂಬಲಿಸಿದವನು. ಆದರೆ ಇಪ್ಪತ್ತು ತೀರ್ಥಂಕರರ ಮೋಕ್ಷಸ್ಥಾನವಾದ ಅದೇ ಬೆಟ್ಟವು ಸಂತಾಲರಿಗೆ ಮರಾಂಗ್ ಬುರು, ಅವರ ಪರಮದೈವ. ಅವರು ತಮ್ಮ ಹಕ್ಕನ್ನು ಎತ್ತಿದಾಗ ನಮ್ಮಲ್ಲಿ ಎಷ್ಟು ಜನ ಕಿವಿಗೊಟ್ಟೆವು? ಬೆಟ್ಟವು ‘ನಮ್ಮದು’ ಎಂಬ ಕಾರಣಕ್ಕೇ ಅದನ್ನು ಉಳಿಸಬೇಕೆಂದರೆ ಅದು ಪರಿಗ್ರಹದ ಇನ್ನೊಂದು ರೂಪ. ನಮ್ಮ ತೀರ್ಥವಲ್ಲದ ಬೆಟ್ಟ ಉರುಳಿದಾಗ ಬೀದಿಗಿಳಿಯದ ಸಮಾಜವು ಅಹಿಂಸೆಯ ಹೆಸರಿನಲ್ಲಿ ಕಾಯುತ್ತಿರುವುದು ತನ್ನ ಸೊತ್ತನ್ನು ಮಾತ್ರ. ಪೃಥ್ವೀಕಾಯಿಕ ಜೀವಗಳಿಗೆ ಶಿಖರ್ಜಿಯಲ್ಲಿ ಒಂದು ನ್ಯಾಯ, ಸಂಡೂರಿನಲ್ಲಿ ಇನ್ನೊಂದು ನ್ಯಾಯವೆಂದು ಯಾವ ಆಗಮವೂ ಹೇಳಿಲ್ಲ.

ಸಾಹಿತ್ಯದ ಅಭ್ಯಾಸಿಗಳೂ ಈ ಹೊಣೆಯಿಂದ ಹೊರತಲ್ಲ. ಪಂಪನ ಆದಿಪುರಾಣದಿಂದ ನಾವು ಭರತನ ದಿಗ್ವಿಜಯವನ್ನು ತರಗತಿಗಳಲ್ಲಿ ಸಂಭ್ರಮದಿಂದ ಪಾಠ ಮಾಡುತ್ತೇವೆ. ದಿಗ್ವ್ರತವನ್ನು ಮಾತ್ರ ಶ್ರಾವಕಾಚಾರದ ಒಣ ಪಟ್ಟಿಯೆಂದು ಪಕ್ಕಕ್ಕಿಡುತ್ತೇವೆ. ಎರಡರಲ್ಲಿಯೂ ಇರುವುದು ಅದೇ ದಿಕ್ಕು; ಒಂದರಲ್ಲಿ ಅದನ್ನು ಗೆಲ್ಲಬೇಕು, ಇನ್ನೊಂದರಲ್ಲಿ ಅದರ ಮುಂದೆ ನಿಲ್ಲಬೇಕು. ದಿಗ್ವಿಜಯ ಮುಗಿಸಿದ ಭರತನು ತನ್ನ ಹೆಸರನ್ನು ಕೆತ್ತಿಸಲು ವೃಷಭಾಚಲಕ್ಕೆ ಹೋದಾಗ ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ಅಲ್ಲಿ ಜಾಗವೇ ಉಳಿದಿರಲಿಲ್ಲ. ಒಂದನ್ನು ಅಳಿಸಿಯೇ ಅವನು ತನ್ನದನ್ನು ಬರೆಸಬೇಕಾಯಿತು. ಅಷ್ಟು ಚಕ್ರವರ್ತಿಗಳು ಬಂದು ಹೋದ ಮೇಲೂ ಅಲ್ಲಿ ಬೆಟ್ಟವಾದರೂ ಉಳಿದಿತ್ತು. ನಮ್ಮ ಕಾಲದವರಿಗೆ ಹೆಸರನ್ನು ಅಳಿಸುವ ಕಷ್ಟವೂ ಇಲ್ಲ.

ಎಲ್ಲೆಯ ಗುರುತೆಂದು ಸಮಂತಭದ್ರರು ಹೇಳಿದ ಬೆಟ್ಟವನ್ನು ಲಾರಿಗೆ ಹೇರಿ ಕಳುಹಿಸಿದ ಮೇಲೆ ಎಲ್ಲೆ ಎಲ್ಲಿತ್ತೆಂದು ಯಾರು ನೆನಪಿಸಬಲ್ಲರು? ನೆನಪಿಸುವುದು ಗ್ರಂಥಗಳನ್ನು ಓದುವವರ ಕೆಲಸ. 3 ಕೋಟಿ ಟನ್ ಎಂಬ ಅಂಕಿಯನ್ನು ಏಕೆ ಗೊತ್ತುಪಡಿಸಲಾಗಿತ್ತು, ಯಾರ ಪಾಲನ್ನು ಕಾಯಲು ಗೊತ್ತುಪಡಿಸಲಾಗಿತ್ತು ಎಂಬುದನ್ನು ಮುಂದಿನ ಸಲ ಮಿತಿಯನ್ನು ಏರಿಸುವ ಮಾತು ಬಂದಾಗ ಗಟ್ಟಿಯಾಗಿ ಹೇಳೋಣ. ಅಷ್ಟನ್ನು ಮಾಡದೆ ಅಪರಿಗ್ರಹದ ಬಗ್ಗೆ ಇನ್ನೊಂದು ಸಂಕಿರಣ ನಡೆಸುವ ಅಗತ್ಯವಿಲ್ಲ.